ಬಿಲ್ ಮೊದಲು ತೋರಿಸಿ, ಆಮೇಲೆ ಮಾತಾಡೋಣ
(ಓದುಗರ ಪ್ರಶ್ನೆ – ಉತ್ತರ)

ರಜೆ ಮುಗಿದ ತಿಂಗಳು ಬರುವ ಪತ್ರಗಳೆಲ್ಲ ಹೆಚ್ಚುಕಡಿಮೆ ಎರಡೇ ಸಂಗತಿಯವು: ಹೋಟೆಲಿನ ಬಿಲ್ಲು, ಟೂರಿನವನ ಮಾತು. ನಾನು ವಕೀಲೆಯಲ್ಲ. ಜಿಲ್ಲಾ ಖಜಾನೆಯಲ್ಲಿ ಕೂತು ಬೇರೆಯವರ ಬಿಲ್ಲುಗಳಿಗೆ ಆಕ್ಷೇಪಣೆ ಹಾಕುತ್ತಿದ್ದವಳು. ನಿವೃತ್ತಿಯಾದ ಮೇಲೆ ಅಕ್ಕನನ್ನು ಜೊತೆ ಮಾಡಿಕೊಂಡು ಟೂರ್ ಬಸ್ಸು ಹತ್ತುವ ಚಟ ಹತ್ತಿತು, ಆಕ್ಷೇಪಣೆ ಹಾಕುವ ಚಟ ಬಿಡಲಿಲ್ಲ. ಎರಡೂ ಸೇರಿ ಈ ಉತ್ತರಗಳು.

ಪ್ರಶ್ನೆ: ಬೆಂಗಳೂರಿನ ಒಂದು ಹೋಟೆಲಿನಲ್ಲಿ ಮನೆಮಂದಿ ಊಟ ಮಾಡಿದೆವು. ಬಿಲ್ಲಿನಲ್ಲಿ ಜಿಎಸ್‌ಟಿ ಅಲ್ಲದೆ ‘ಸರ್ವಿಸ್ ಚಾರ್ಜ್’ ಎಂದು ನೂರಕ್ಕೆ ಹತ್ತು ಸೇರಿಸಿದ್ದರು. ಕೇಳಿದರೆ ‘ಕಂಪ್ಯೂಟರಿನಲ್ಲೇ ಬರುತ್ತೆ ಸಾರ್, ತೆಗೆಯೋಕಾಗಲ್ಲ’ ಅಂದರು. ಕೊಟ್ಟು ಬಂದೆ. ಸರಿಯೇ?
– ತುಮಕೂರಿನ ಓದುಗರು

ಕಂಪ್ಯೂಟರಿಗೆ ಕೈಕಾಲಿಲ್ಲ, ಅದನ್ನು ಸೇರಿಸಿದವರು ಯಾರೋ ಇದ್ದಾರೆ. ಸೇರಿಸಿದವರಿಗೆ ತೆಗೆಯಲೂ ಬರುತ್ತದೆ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಹೋಟೆಲಿನವರು ಸರ್ವಿಸ್ ಚಾರ್ಜನ್ನು ತಾವಾಗಿಯೇ ಬಿಲ್ಲಿಗೆ ಸೇರಿಸುವಂತಿಲ್ಲ. ಬೇರೆ ಹೆಸರಿಟ್ಟು ವಸೂಲಿ ಮಾಡುವುದಕ್ಕೂ ಅವಕಾಶವಿಲ್ಲ. ಹೋಟೆಲ್ ಸಂಘಗಳು ಕೋರ್ಟಿಗೆ ಹೋದವು. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಮಾರ್ಗಸೂಚಿಯನ್ನು ಎತ್ತಿಹಿಡಿಯಿತು.

ನಿಮ್ಮ ಬಿಲ್ಲಿನ ಫೋಟೋ ಕಳಿಸಿದ್ದೀರಿ, ಬಹಳ ಒಳ್ಳೆಯದಾಯಿತು. ಇನ್ನೊಂದು ಸಾಲನ್ನು ನೀವು ಗಮನಿಸಿಲ್ಲ. ಊಟ 2,000 ರೂಪಾಯಿ, ಸರ್ವಿಸ್ ಚಾರ್ಜ್ 200. ತೆರಿಗೆ ಹಾಕಿರುವುದು 2,200ರ ಮೇಲೆ! ನೂರು ರೂಪಾಯಿ ಆಗಬೇಕಿದ್ದ ಜಿಎಸ್‌ಟಿ ನೂರಹತ್ತು ಆಗಿದೆ. ನಮ್ಮ ಕಚೇರಿಗೆ ಇಂಥ ಬಿಲ್ಲು ಬಂದಿದ್ದರೆ ಕೆಂಪು ಶಾಯಿಯಲ್ಲಿ ವಾಪಸು ಹೋಗುತ್ತಿತ್ತು. ಆ ಮಾರ್ಗಸೂಚಿ ಇದನ್ನೂ ಒಪ್ಪುವುದಿಲ್ಲ.

ಹಾಗೆಯೇ ಕೆಲವು ಸಣ್ಣ ಹೋಟೆಲುಗಳು ಜಿಎಸ್‌ಟಿಯ ಕಾಂಪೊಸಿಷನ್ ಪದ್ಧತಿಯಲ್ಲಿರುತ್ತವೆ. ಅಂಥವರು ತೆರಿಗೆಯನ್ನು ತಮ್ಮ ವ್ಯಾಪಾರದಿಂದ ಕಟ್ಟಬೇಕೇ ಹೊರತು ನಿಮ್ಮಿಂದ ಒಂದು ಪೈಸೆಯನ್ನೂ ತೆರಿಗೆ ಎಂದು ವಸೂಲಿ ಮಾಡುವಂತಿಲ್ಲ, ಬಿಲ್ಲಿನ ಮೇಲೆ ಆ ಮಾತು ಬರೆದೂ ಇರಬೇಕು. ಮುಂದಿನ ಸಲ ಮ್ಯಾನೇಜರನ್ನು ಕರೆದು ಮೆತ್ತಗೆ ‘ಇದನ್ನು ತೆಗೆದು ಬೇರೆ ಬಿಲ್ ಕೊಡಿ’ ಅನ್ನಿ. ಒಪ್ಪದಿದ್ದರೆ ಅಲ್ಲೇ ಕೂತು 1915ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಬಡಿಸಿದ ಹುಡುಗನ ಮೇಲೆ ಮಾತ್ರ ರೇಗಬೇಡಿ. ಬಿಲ್ಲು ಅವನು ಮಾಡಿದ್ದಲ್ಲ, ಆ ಇನ್ನೂರರಲ್ಲಿ ಅವನಿಗೆ ಎಷ್ಟು ಸಿಗುತ್ತದೋ ದೇವರೇ ಬಲ್ಲ.

ಇದಕ್ಕೇ ನನಗೆ ದರ್ಶಿನಿಗಳೆಂದರೆ ಅಚ್ಚುಮೆಚ್ಚು. 1983ರಲ್ಲಿ ಜಯನಗರದ ಕೆಫೆ ದರ್ಶಿನಿಯಿಂದ ಶುರುವಾದ ಪದ್ಧತಿ. ದರಪಟ್ಟಿ ತಲೆಯ ಮೇಲೆ ನೇತಾಡುತ್ತಿರುತ್ತದೆ, ಅಡುಗೆಮನೆ ಕಣ್ಣೆದುರಿಗೆ, ದುಡ್ಡು ಕೊಟ್ಟು ಚೀಟಿ ತೆಗೆದುಕೊಂಡ ಮೇಲೆಯೇ ತಟ್ಟೆ. ಆಮೇಲೆ ಸೇರಿಸಲಿಕ್ಕೆ ಯಾರಿಗೂ ಏನೂ ಉಳಿದಿರುವುದಿಲ್ಲ. ಕೂರಲು ಕುರ್ಚಿ ಇಲ್ಲ ನಿಜ, ಲೆಕ್ಕವಂತೂ ನಿಂತ ನಿಲುವಿನಲ್ಲೇ ಮುಗಿಯುತ್ತದೆ.

ಪ್ರಶ್ನೆ: ಇಪ್ಪತ್ತು ರೂಪಾಯಿ ಎಂದು ಅಚ್ಚಾಗಿರುವ ನೀರಿನ ಬಾಟಲಿಗೆ ಹೋಟೆಲಿನಲ್ಲಿ ನಲವತ್ತು ತೆಗೆದುಕೊಂಡರು. ದೂರು ಕೊಡಲೇ?
– ದಾವಣಗೆರೆಯ ಓದುಗರು

ಕೂತು ಊಟ ಮಾಡುವ ಹೋಟೆಲಾದರೆ ದೂರು ನಿಲ್ಲುವುದು ಕಷ್ಟ. 2017ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಹೋಟೆಲು-ರೆಸ್ಟೊರೆಂಟುಗಳು ಬಾಟಲಿ ನೀರನ್ನು ಎಂಆರ್‌ಪಿಗಿಂತ ಹೆಚ್ಚಿಗೆ ಮಾರಬಹುದು, ಅಲ್ಲಿ ನೀವು ಬರೀ ನೀರು ಕೊಳ್ಳಲು ಹೋಗಿರುವುದಿಲ್ಲ ಎಂದಿತು. ನನಗೆ ಈ ತೀರ್ಪು ರುಚಿಸಲಿಲ್ಲ. ಆದರೆ ನನ್ನ ರುಚಿ ಕೇಳಿದವರು ಯಾರು? ‘ಮಾಮೂಲಿ ನೀರು ಕೊಡಿ’ ಎಂದು ಕೂತ ತಕ್ಷಣ ಹೇಳಿ. ನಮ್ಮ ಕಡೆ ಬಿಸಿನೀರು ಕೇಳಿದರೂ ಕೊಡುತ್ತಾರೆ, ಲೋಟ ಸ್ವಲ್ಪ ಸುಡುತ್ತದೆ ಅಷ್ಟೆ. ಬಸ್ ನಿಲ್ದಾಣದ ಅಂಗಡಿಯವನು ಹೆಚ್ಚು ಕೇಳಿದರೆ ಆ ಮಾತೇ ಬೇರೆ. ಅಲ್ಲಿ ಎಂಆರ್‌ಪಿ ಎಂದರೆ ಎಂಆರ್‌ಪಿಯೇ.

ಪ್ರಶ್ನೆ: ಬೈಟೂ ಕಾಫಿ ಕೇಳಿದರೆ ಕ್ಯಾಷಿಯರ್ ಮುಖ ಸಿಂಡರಿಸುತ್ತಾರೆ. ಎರಡನೇ ಸಲ ಸಾಂಬಾರ್ ಕೇಳಲಿಕ್ಕೂ ನಾಚಿಕೆ. ಏನು ಮಾಡಲಿ?
– ಮೈಸೂರಿನ ಓದುಗರು

ಬೈಟೂ ಕೇಳಲು ನಾಚಿಕೊಳ್ಳುವವರು ಬೆಂಗಳೂರು-ಮೈಸೂರು ಕಡೆ ಇದ್ದಾರೆ ಎಂದು ನಿಮ್ಮ ಪತ್ರ ನೋಡಿದ ಮೇಲೆಯೇ ಗೊತ್ತಾಯಿತು. ಧೈರ್ಯವಾಗಿ ಕೇಳಿ. ಸಾಂಬಾರ್ ಮಾತ್ರ ಊರು ನೋಡಿ ಕೇಳಬೇಕು. ಬೆಂಗಳೂರಿನ ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ನಲ್ಲಿ ಸಾಂಬಾರೇ ಇಲ್ಲ, ಇಡ್ಲಿ-ವಡೆಗೆ ಚಟ್ನಿ ಒಂದೇ. ನಮ್ಮಕ್ಕ ಅಲ್ಲಿ ನಿಂತು ‘ಸಾಂಬಾರ್ ಮುಗೀತಾ?’ ಎಂದು ಕೇಳಿ ಇಡೀ ಫುಟ್‌ಪಾತಿನವರನ್ನು ನಗಿಸಿದ್ದಳು.

ಪ್ರಶ್ನೆ: ಎಪ್ಪತ್ತು ದಾಟಿದ ನಮ್ಮ ಅಮ್ಮನನ್ನು ಕಾಶಿಗೆ ಕಳಿಸಬೇಕೆಂದಿದ್ದೇವೆ. ‘ಕಾಶಿ, ಪ್ರಯಾಗ, ಅಯೋಧ್ಯೆ, ಗಯಾ – ವಿಐಪಿ ದರ್ಶನ, ದಕ್ಷಿಣ ಭಾರತದ ಊಟ, ಡೀಲಕ್ಸ್ ರೂಮು, ಎಲ್ಲವೂ ಸೇರಿ’ ಎಂದು ಟೂರಿನವರು ಕರಪತ್ರ ಕೊಟ್ಟಿದ್ದಾರೆ. ಮುಂಗಡ ಕೊಡುವ ಮೊದಲು ಏನು ಕೇಳಬೇಕು?
– ಚಿಕ್ಕಮಗಳೂರಿನ ಓದುಗರು

ಮುಂಗಡ ಕೊಡುವ ಮೊದಲು ಕೇಳುತ್ತಿದ್ದೀರಲ್ಲ, ನಿಮಗೆ ನೂರು ವರ್ಷ ಆಯುಸ್ಸು. ಕೊಟ್ಟ ಮೇಲೆ ಬರೆಯುವವರೇ ಹೆಚ್ಚು.

ಕರಪತ್ರವನ್ನು ಪಕ್ಕಕ್ಕಿಟ್ಟು ಮೊದಲು ದೂರದ ಲೆಕ್ಕ ಹಾಕಿ. ಕಾಶಿಯಿಂದ ಪ್ರಯಾಗಕ್ಕೆ ಸುಮಾರು 120 ಕಿಲೋಮೀಟರ್, ಅಯೋಧ್ಯೆಗೆ ಇನ್ನೂರರ ಮೇಲೆ, ಗಯಾಕ್ಕೆ ಸುಮಾರು 250. ಒಂದೊಂದೂ ಒಂದೊಂದು ದಿಕ್ಕು. ಐದು ದಿನದಲ್ಲಿ ನಾಲ್ಕೂ ಕ್ಷೇತ್ರ ಎಂದಿದ್ದರೆ ಅಮ್ಮ ಹೆಚ್ಚು ಹೊತ್ತು ನೋಡುವುದು ಮುಂದಿನ ಸೀಟಿನ ಬೆನ್ನನ್ನೇ. ಯಾವ ದಿನ ಎಷ್ಟು ಗಂಟೆಗೆ ಹೊರಟು ಎಷ್ಟಕ್ಕೆ ತಲುಪುತ್ತೀರಿ ಎಂದು ಕಾಗದದ ಮೇಲೆ ಬರೆಸಿಕೊಳ್ಳಿ. ಡಿಸೆಂಬರ್-ಜನವರಿ ಆದರೆ ಬರೆದುಕೊಟ್ಟದ್ದಕ್ಕೂ ಬೆಲೆ ಇಲ್ಲ. ಅಲ್ಲಿನ ಮಂಜಿನಲ್ಲಿ ರೈಲು, ವಿಮಾನ ಎರಡೂ ಗಂಟೆಗಟ್ಟಲೆ ತಡ.

ರೂಮು ಎಲ್ಲಿ ಎಂಬುದು ಎರಡನೆಯದು. ಕಾಶಿಯ ಹಳೆಯ ಊರಿನೊಳಕ್ಕೆ ಟೂರ್ ಬಸ್ಸು ಹೋಗುವುದಿಲ್ಲ. ಊರಾಚೆ ಇಳಿದು, ಇ-ರಿಕ್ಷಾ ಹಿಡಿದು ಗೊದೌಲಿಯಾ ಕಡೆಗೆ ಬಂದು, ಅಲ್ಲಿಂದ ಕಾಲ್ನಡಿಗೆ. ಆ ರಿಕ್ಷಾದ ದುಡ್ಡು ‘ಎಲ್ಲವೂ ಸೇರಿ’ಯಲ್ಲಿ ಸೇರಿದೆಯೇ? ನಾವು ಹೋದಾಗ ಸೇರಿರಲಿಲ್ಲ. ಸಂಗಮದ ದೋಣಿಯೂ ಅಷ್ಟೆ. ‘ಅದು ಪರ್ಸನಲ್ ಎಕ್ಸ್‌ಪೆನ್ಸ್ ಮೇಡಂ’ ಎಂದರು ನಮ್ಮ ಟೂರ್ ಮ್ಯಾನೇಜರು. ಸಂಗಮಕ್ಕೆ ಹೋದವರು ದೋಣಿ ಹತ್ತುವುದು ಪರ್ಸನಲ್ ಆದರೆ ದಡದಲ್ಲಿ ನಿಲ್ಲುವುದು ಪ್ಯಾಕೇಜೋ?

‘ವಿಐಪಿ ದರ್ಶನ’ ಎಂದರೇನೆಂದು ಬಿಡಿಸಿ ಕೇಳಿ. ವಿಶ್ವನಾಥನ ದೇವಸ್ಥಾನದಲ್ಲಿ ದುಡ್ಡು ಕೊಟ್ಟು ಪಡೆಯುವ ‘ಸುಗಮ ದರ್ಶನ’ದ ಟಿಕೆಟ್ ಇದೆ. ಟೂರಿನವರು ಅದನ್ನೇ ಮಾಡಿಸಿಕೊಡುತ್ತಾರೋ, ಬರೀ ಬಾಯಿಮಾತೋ? 2021ರ ಡಿಸೆಂಬರ್‌ನಲ್ಲಿ ಕಾರಿಡಾರ್ ಎಂಬ ಅಗಲವಾದ ಹೊಸ ದಾರಿ ಆದ ಮೇಲೆ ಗಂಗೆಯ ದಡದಿಂದ ಗುಡಿಯವರೆಗೆ ವಿಶಾಲವಾಗಿದೆ, ಮೊದಲಿನ ಗಲ್ಲಿಯ ನೂಕುನುಗ್ಗಲು ಇಲ್ಲ. ಆದರೆ ನಡಿಗೆ, ಮೆಟ್ಟಿಲು ಇದ್ದೇ ಇವೆ. ಮೊಬೈಲು ಒಳಗೆ ಬಿಡುವುದಿಲ್ಲ. ಆದ್ದರಿಂದ ಅಮ್ಮನ ಕೈಗೆ ರೂಮಿನ ವಿಳಾಸ ಮತ್ತು ಮ್ಯಾನೇಜರ್ ನಂಬರು ಬರೆದ ಚೀಟಿ ಕೊಡಿ. ಗುಂಪು ತಪ್ಪಿದರೆ ಉಪಯೋಗಕ್ಕೆ ಬರುವುದು ಅದೊಂದೇ.

ರೂಮಿನ ವಿಚಾರದಲ್ಲಿ ‘ಡೀಲಕ್ಸ್’ ಎಂಬುದಕ್ಕೆ ಅರ್ಥ ಹುಡುಕಬೇಡಿ. ಲಿಫ್ಟ್ ಇದೆಯೇ, ಕಮೋಡ್ ಇದೆಯೇ, ಬಿಸಿನೀರು ಎಷ್ಟು ಗಂಟೆಗೆ ಬರುತ್ತದೆ, ಒಂದು ರೂಮಿಗೆ ಎಷ್ಟು ಜನ ಎಂದು ಕೇಳಿ. ಮೂವರು ಎಂದರೆ ಮೂರನೆಯವರಿಗೆ ನೆಲದ ಮೇಲೆ ಹಾಸಿಗೆ ಎಂದೇ ತಿಳಿಯಿರಿ. ಮಂಡಿನೋವಿನವರು ನೆಲದಿಂದ ಏಳುವುದು ಹೇಗೆ?

ಊಟದ ಮಾತಿಗೆ ಬಂದರೆ, ಅಡುಗೆಯವರು ಬಸ್ಸಿನ ಜೊತೆಗೇ ಬರುತ್ತಾರೋ ಅಥವಾ ಹೋಟೆಲಿನಲ್ಲೇ ಅನ್ನ-ಸಾರು ಮಾಡಿಸುತ್ತಾರೋ ಕೇಳಿ. ಎರಡಕ್ಕೂ ಅಜಗಜಾಂತರ. ನಮ್ಮ ಜೊತೆ ಬಂದಿದ್ದವರು ಕುಂದಾಪುರದ ಕಡೆಯ ಭಟ್ಟರು. ಬೆಳಗಿನ ಜಾವ ನಾಲ್ಕಕ್ಕೇ ಧರ್ಮಶಾಲೆಯ ಹಿತ್ತಲಿನಲ್ಲಿ ಒಗ್ಗರಣೆಯ ಚಟಪಟ. ಉಪ್ಪಿಟ್ಟು ತಿಂದೇ ಬಸ್ಸು ಹತ್ತುತ್ತಿದ್ದೆವು. ಆ ಟೂರಿನಲ್ಲಿ ಕೊಟ್ಟ ಮಾತಿನಂತೆ ನಡೆದದ್ದು ಅಡುಗೆಮನೆ ಒಂದೇ. ರೈಲಿನಲ್ಲಿ ಕರೆದೊಯ್ಯುವವರು ‘ಬೋಗಿಯಲ್ಲೇ ಬಿಸಿಬಿಸಿ ಅಡುಗೆ’ ಎಂದರೆ ಮಾತ್ರ ಬೇಡವೇ ಬೇಡ ಅನ್ನಿ. 2023ರ ಆಗಸ್ಟ್‌ನಲ್ಲಿ ಮಧುರೈ ನಿಲ್ದಾಣದಲ್ಲಿ ಯಾತ್ರಿಗಳ ಬೋಗಿಗೆ ಬೆಂಕಿ ಬಿದ್ದು ಒಂಬತ್ತು ಜನ ಸತ್ತದ್ದು ಕದ್ದು ಒಳಗಿಟ್ಟಿದ್ದ ಸಿಲಿಂಡರಿನಿಂದ.

ಇನ್ನು ಸೀರೆ ಅಂಗಡಿ. ಇದನ್ನು ಯಾವ ಕರಪತ್ರದಲ್ಲೂ ಹಾಕುವುದಿಲ್ಲ. ಗಂಗಾರತಿಗೆ ದೋಣಿಯಲ್ಲಿ ಕೂರಿಸುತ್ತೇವೆಂದಿದ್ದ ಸಂಜೆ ನಮ್ಮನ್ನು ಮೊದಲು ‘ಐದು ನಿಮಿಷ, ಬನಾರಸಿ ನೇಯ್ಗೆ ನೋಡಿಕೊಂಡು ಬನ್ನಿ’ ಎಂದು ಅಂಗಡಿಯೊಂದಕ್ಕೆ ಇಳಿಸಿದರು. ಮಗ್ಗ ಒಂದು ಮೂಲೆಯಲ್ಲಿತ್ತು, ಉಳಿದದ್ದೆಲ್ಲ ಗಲ್ಲಾಪೆಟ್ಟಿಗೆ. ನಾವು ದಶಾಶ್ವಮೇಧ ಘಾಟಿಗೆ ಬರುವಷ್ಟರಲ್ಲಿ ಆರತಿ ಮುಗಿದು ಜನ ಮೇಲೆ ಹತ್ತಿಬರುತ್ತಿದ್ದರು. ಅಕ್ಕ ಒಂದು ಸೀರೆಯನ್ನೂ ಕೊಳ್ಳಲಿಲ್ಲ, ಒಂದು ದೀಪವನ್ನೂ ನೋಡಲಿಲ್ಲ. ಆದ್ದರಿಂದ ‘ಶಾಪಿಂಗ್ ನಿಲುಗಡೆ ಎಷ್ಟು, ಎಲ್ಲೆಲ್ಲಿ’ ಎಂಬ ಪ್ರಶ್ನೆಯನ್ನು ಮರೆಯದೆ ಕೇಳಿ.

ಸುತ್ತಿ ಬಳಸಿ ಹೇಳುವುದಿಷ್ಟೆ: ದರ್ಶಿನಿಯಲ್ಲಿ ಗೋಡೆಯ ಮೇಲೆ ಇರುವ ಪಟ್ಟಿಯನ್ನು ಟೂರಿನವರಿಂದಲೂ ಬರೆಸಿಕೊಳ್ಳಿ. ಏನು ಸೇರಿದೆ ಎಂಬ ಪಟ್ಟಿಗಿಂತ ಏನು ಸೇರಿಲ್ಲ ಎಂಬ ಪಟ್ಟಿ ಮುಖ್ಯ. ಬರೆದುಕೊಡಲು ಹಿಂದೆಮುಂದೆ ನೋಡುವವರ ಜೊತೆ ಅಮ್ಮನನ್ನು ಕಳಿಸಬೇಡಿ. ನಮ್ಮ ಮುಜರಾಯಿ ಇಲಾಖೆ ಸಹಾಯಧನ ಕೊಟ್ಟು ನಡೆಸುವ ಭಾರತ್ ಗೌರವ್ ಕಾಶಿ ರೈಲು 2022ರಿಂದ ಇದೆ. ಅದು ಹೊರಡುವ ದಿನವನ್ನೂ ದರವನ್ನೂ ವಿಚಾರಿಸಿ, ಈ ಕರಪತ್ರದ ಪಕ್ಕದಲ್ಲಿಟ್ಟು ನೋಡಿ.

ಪ್ರಶ್ನೆ: ಹೊರಡುವ ಹಿಂದಿನ ವಾರ ‘ಜನ ಸೇರಲಿಲ್ಲ’ ಎಂದು ಟೂರನ್ನೇ ರದ್ದು ಮಾಡಿದರು. ದುಡ್ಡು ವಾಪಸು ಕೇಳಿದರೆ ‘ಮುಂದಿನ ಟೂರಿಗೆ ಹೊಂದಿಸಿಕೊಳ್ಳಿ’ ಎನ್ನುತ್ತಾರೆ.
– ಹುಬ್ಬಳ್ಳಿಯ ಓದುಗರು

ರದ್ದು ಮಾಡಿದ್ದು ಅವರು, ಹೊಂದಿಸಿಕೊಳ್ಳಬೇಕಾದವರು ನೀವೋ? ಫೋನಿನಲ್ಲಿ ಜಗಳ ಆಡುವುದನ್ನು ಇವತ್ತೇ ನಿಲ್ಲಿಸಿ. ಇಂಥ ದಿನದೊಳಗೆ ಪೂರ್ತಿ ಹಣ ವಾಪಸು ಮಾಡಿ ಎಂದು ಇಮೇಲ್ ಅಥವಾ ಅಂಚೆ ಮೂಲಕ ಬರೆಯಿರಿ. ರಸೀದಿ, ವಾಟ್ಸಾಪ್ ಮಾತು, ಬ್ಯಾಂಕಿನ ವಿವರ ಎಲ್ಲ ಒಂದೆಡೆ ಇಡಿ. ಆಮೇಲೂ ಕೊಡದಿದ್ದರೆ 1915, ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಂತೆ ನೀವು ಇರುವ ಊರಿನಲ್ಲೇ ದೂರು ಹಾಕಬಹುದು, ಟೂರಿನವರ ಕಚೇರಿ ಬೆಂಗಳೂರಿನಲ್ಲಿದ್ದರೂ ಸರಿ. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ವಕೀಲರು ಬೇಕೇಬೇಕೆಂದಿಲ್ಲ. ಎರಡು ವರ್ಷದ ಗಡುವು ಇದೆ ಎಂಬುದು ಮಾತ್ರ ನೆನಪಿರಲಿ. ‘ಮುಂದಿನ ಟೂರು, ಮುಂದಿನ ಟೂರು’ ಎಂದು ಅವರು ತಳ್ಳುವುದು ಅದಕ್ಕೇ ಇರಬಹುದು.

ಪ್ರಶ್ನೆ: ಟೂರ್ ಬಸ್ಸು ನಿಲ್ಲಿಸಿದ ಹೋಟೆಲಿನಲ್ಲೇ ತಿನ್ನಬೇಕೆ? ಹೆದ್ದಾರಿಯ ಒಂದು ಕಡೆ ವಡೆ ತಿಂದು ಮಗನಿಗೆ ಹೊಟ್ಟೆ ಕೆಟ್ಟಿತು.
– ಮಂಡ್ಯದ ಓದುಗರು

ಡ್ರೈವರು, ಕ್ಲೀನರಿಗೆ ಬಿಟ್ಟಿ ಊಟ ಎಲ್ಲಿ ಸಿಗುತ್ತದೋ ಬಸ್ಸು ಅಲ್ಲಿ ನಿಲ್ಲುತ್ತದೆ. ಆ ಊಟದ ದುಡ್ಡು ನಿಮ್ಮ ದೋಸೆಯಲ್ಲಿದೆ. ಅಂಥ ಕಡೆ ನಾನು ಗಾಜಿನ ಪೆಟ್ಟಿಗೆಯಲ್ಲಿ ಕೂತಿರುವುದನ್ನು ಮುಟ್ಟುವುದಿಲ್ಲ. ಹಬೆಯಾಡುವ ಇಡ್ಲಿ, ಎದುರಿಗೇ ಹುಯ್ಯುವ ದೋಸೆ, ಬಾಳೆಹಣ್ಣು. ಇಷ್ಟೇ. ಬಿಲ್ಲು ಕೇಳಿ ಪಡೆಯಿರಿ. 2022ರಿಂದ ಬಿಲ್ಲಿನ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ ಹದಿನಾಲ್ಕು ಅಂಕಿಯ ಸಂಖ್ಯೆ ಇರಲೇಬೇಕು. ಆ ಸಂಖ್ಯೆ ಇದ್ದರೆ ಪ್ರಾಧಿಕಾರಕ್ಕೆ ಆನ್‌ಲೈನಿನಲ್ಲೇ ದೂರು ಕೊಡಬಹುದು. ನಿಮ್ಮ ಊರಿನವರೇ ಮದ್ದೂರಿನಲ್ಲಿ ಬಸ್ಸಿನ ಕಿಟಕಿಗೆ ವಡೆ ತಂದುಕೊಡುತ್ತಿದ್ದ ಕಾಲದಲ್ಲಿ ಇದ್ಯಾವುದೂ ಬೇಕಿರಲಿಲ್ಲ. ಈಗ ಹೊಸ ಹೆದ್ದಾರಿ ಊರೊಳಕ್ಕೆ ಇಳಿಯದೆಯೇ ಹೋಗುತ್ತದೆ.

ಪ್ರಶ್ನೆ: ಮೈಸೂರು-ಊಟಿ ಪ್ಯಾಕೇಜಿನಲ್ಲಿ ಹೊಸ ಮದುಮಕ್ಕಳನ್ನು ಕಳಿಸುತ್ತಿದ್ದೇವೆ. ‘ಕ್ಯಾಂಡಲ್ ಲೈಟ್ ಡಿನ್ನರ್ ಉಚಿತ’ ಎಂದಿದೆ. ನಂಬಬಹುದೇ?
– ಹಾಸನದ ಓದುಗರು

ಮೇಣದಬತ್ತಿ ಅವರು ಹಚ್ಚಲಿ ಬಿಡಲಿ, ಇ-ಪಾಸ್ ಯಾರು ತೆಗೆಸುತ್ತಾರೆಂದು ಕೇಳಿ. 2024ರ ಮೇ ತಿಂಗಳಿಂದ ಹೊರಗಿನ ವಾಹನ ನೀಲಗಿರಿಗೆ ಹೋಗಲು ಅದು ಬೇಕು. ಬಂಡೀಪುರದ ರಸ್ತೆ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಮುಚ್ಚಿರುತ್ತದೆ. ಮೈಸೂರಿನಲ್ಲಿ ಅರಮನೆಯ ದೀಪ ನೋಡಿಕೊಂಡು ಆಮೇಲೆ ಊಟಿಗೆ ಹೊರಡುತ್ತೇವೆ ಎಂದು ಟೂರಿನವರು ಹೇಳಿದ್ದರೆ ಅವರು ಆ ದಾರಿಯಲ್ಲಿ ಹೋದವರಲ್ಲ.

ಪ್ರಶ್ನೆ: ಟೂರಿನ ಕೊನೆಯ ದಿನ ಬಸ್ಸಿನಲ್ಲಿ ಟಿಪ್ಸ್ ಲಕೋಟೆ ಓಡಾಡುತ್ತದೆ. ಕೊಡಲೇಬೇಕೆ?
– ಶಿವಮೊಗ್ಗದ ಓದುಗರು

ಕೊಡಲೇಬೇಕು ಎಂಬ ನಿಯಮವಿಲ್ಲ. ನಾನು ಲಕೋಟೆಗೆ ಹಾಕುವುದಿಲ್ಲ, ಅದು ಯಾರ ಜೇಬಿನಲ್ಲಿ ನಿಲ್ಲುತ್ತದೋ ಗೊತ್ತಾಗುವುದಿಲ್ಲ. ಕೊನೆಯ ಊಟ ಆದ ಮೇಲೆ ಅಡುಗೆಯವರ ಹತ್ತಿರ ಹೋಗಿ ಅವರ ಕೈಗೇ ಕೊಡುತ್ತೇನೆ, ಪಾತ್ರೆ ತೊಳೆಯುವ ಹುಡುಗನಿಗೂ ಬೇರೆಯಾಗಿ. ಕಾಶಿ ಟೂರಿನಲ್ಲಿ ಮ್ಯಾನೇಜರು ಇದನ್ನು ನೋಡಿ, ‘ಮೇಡಂ, ನನಗೆ?’ ಎಂದರು. ‘ಅದು ಪರ್ಸನಲ್ ಎಕ್ಸ್‌ಪೆನ್ಸ್’ ಎಂದಳು ನಮ್ಮಕ್ಕ.