ಹ್ಯಾಂಬರ್ಗ್ ನೋಡಲು ಬರುವವರಿಗೆ: ಹೊಳೆಯ ಹೊತ್ತು ನೋಡಿ, ಏಜೆಂಟರ ಪಟ್ಟಿಯನ್ನಲ್ಲ

ಹ್ಯಾಂಬರ್ಗ್‌ನಲ್ಲಿ ಪ್ರವಾಸಿಗರನ್ನು ಸುತ್ತಾಡಿಸುವುದು ನನ್ನ ಕಸುಬು. ಬೇಸಿಗೆ ರಜೆ ಹತ್ತಿರ ಬಂದ ಹಾಗೆ ಕನ್ನಡದಲ್ಲಿ ಬರುವ ಪ್ರಶ್ನೆಗಳು ಹೆಚ್ಚುತ್ತವೆ. ಆದರೆ ಅವುಗಳಲ್ಲಿ ಹೊಸ ಪ್ರಶ್ನೆ ಅಪರೂಪ. ವೀಸಾ, ವಿಮೆ, ಸ್ವೆಟರ್ ಎಷ್ಟು ತರಬೇಕು ಎನ್ನುವುದನ್ನೆಲ್ಲ ನಾನು ಬರೆಯುವುದಿಲ್ಲ, ಅದನ್ನು ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಪದೇ ಪದೇ ಬಂದು ತಲೆ ತಿನ್ನುವ ಕೆಲವಕ್ಕೆ ಮಾತ್ರ ಇಲ್ಲಿ ಉತ್ತರ.

ಮಗ ಬ್ರೆಮೆನ್‌ನಲ್ಲಿದ್ದಾನೆ. ಒಂದು ದಿನದ ಮಟ್ಟಿಗೆ ಹ್ಯಾಂಬರ್ಗ್ ನೋಡಿಕೊಂಡು ಬರಬೇಕು ಅಂದುಕೊಂಡಿದ್ದೇವೆ. ನನಗೆ ಅರವತ್ತೆಂಟು, ಯಜಮಾನರಿಗೆ ಮಂಡಿ ನೋವು. ಏಜೆಂಟರೊಬ್ಬರು ಹನ್ನೆರಡು ಹೈಲೈಟ್‌ಗಳ ಪ್ಯಾಕೇಜ್ ಕೊಟ್ಟಿದ್ದಾರೆ. ಬಸ್ಸಿನಲ್ಲಿ ನಗರದರ್ಶನ, ಒಂದು ಗಂಟೆಯ ಹಾರ್ಬರ್ ಕ್ರೂಸ್, ಎಲ್ಬ್‌ಫಿಲ್ಹಾರ್ಮೊನಿ ಸಂಗೀತಭವನ, ಹಳೆಯ ಸುರಂಗಕ್ಕೆ ‘ಪ್ರವೇಶ ಶುಲ್ಕ ಸೇರಿ’. ತಗೊಳ್ಳಬಹುದಾ? (ಓದುಗರೊಬ್ಬರು, ಶಿವಮೊಗ್ಗ)

ಬೇಡಮ್ಮ. ಆ ‘ಪ್ರವೇಶ ಶುಲ್ಕ ಸೇರಿ’ ಅನ್ನುವ ಒಂದು ಸಾಲೇ ಸಾಕು, ಆ ಏಜೆಂಟರನ್ನು ಅಳೆಯುವುದಕ್ಕೆ. ಎಲ್ಬೆ ನದಿಯ ಅಡಿಯ ಹಳೆಯ ಸುರಂಗಕ್ಕೆ ನಡೆದು ಹೋಗುವವರು, ಸೈಕಲ್ಲಿನವರು ಬಿಡಿಗಾಸೂ ಕೊಡಬೇಕಾಗಿಲ್ಲ. ಇಲ್ಲದ ಶುಲ್ಕವನ್ನು ಸೇರಿಸಿ ಉಪಕಾರ ಮಾಡಿದ ಹಾಗೆ ತೋರಿಸುವವರು ಉಳಿದ ಹನ್ನೊಂದರಲ್ಲಿ ಏನು ಮಾಡಿದ್ದಾರೋ ನೀವೇ ಲೆಕ್ಕ ಹಾಕಿ.

ಮೊದಲು ಒಂದು ಮಾತು ತಿಳಿದಿರಲಿ. ಹ್ಯಾಂಬರ್ಗ್ ಬಂದರು, ಆದರೆ ಸಮುದ್ರದ ದಡದಲ್ಲಿಲ್ಲ. ಉತ್ತರ ಸಮುದ್ರದಿಂದ ನೂರು ಕಿಲೋಮೀಟರ್ ಒಳಗೆ, ಎಲ್ಬೆ ನದಿಯ ಮೇಲಿದೆ. ಹಾಗಿದ್ದೂ ಸಮುದ್ರದ ಉಬ್ಬರ ಇಲ್ಲಿಯ ತನಕ ಬರುತ್ತದೆ. ದಿನಕ್ಕೆ ಎರಡು ಸಲ ನೀರು ಏರಿ ಇಳಿಯುತ್ತದೆ, ವ್ಯತ್ಯಾಸ ಮೂರೂವರೆ ಮೀಟರಿಗೂ ಮಿಗಿಲು. ನಮ್ಮ ಕರಾವಳಿಯ ಅಳಿವೆಗಳಲ್ಲಿ ದೋಣಿ ಬಿಡುವವರು ನೀರಿನ ಹೊತ್ತು ನೋಡದೆ ಹೊರಡುವುದಿಲ್ಲವಲ್ಲ, ಇಲ್ಲೂ ಅಷ್ಟೇ. ಪ್ಯಾಕೇಜ್ ಮಾರುವವರು ಮಾತ್ರ ಇದನ್ನು ಬಾಯಿ ಬಿಟ್ಟು ಹೇಳುವುದಿಲ್ಲ.

ಇದರಿಂದ ನಿಮ್ಮ ಯಜಮಾನರ ಮಂಡಿಗೆ ಏನು ಸಂಬಂಧ ಅಂತೀರಾ? ದೋಣಿ ಹತ್ತುವ ಲಾಂಡುಂಗ್ಸ್‌ಬ್ರೂಕೆನ್ ಕಟ್ಟೆ ನೀರಿನ ಮೇಲೆ ತೇಲುವಂಥದ್ದು. ದಡದಿಂದ ಅದಕ್ಕೆ ಇಳಿಯಲು ಕಬ್ಬಿಣದ ಸೇತುವೆಗಳಿವೆ. ಉಬ್ಬರದಲ್ಲಿ ಅವು ಹೆಚ್ಚುಕಡಿಮೆ ಸಮತಟ್ಟಾಗಿರುತ್ತವೆ. ಇಳಿತದಲ್ಲಿ ಕಟ್ಟೆಯೇ ಕೆಳಗೆ ಹೋಗಿರುವುದರಿಂದ ಅವೇ ಸೇತುವೆಗಳು ಕಡಿದಾದ ಇಳಿಜಾರು. ಇಳಿಯುವಾಗ ಗೊತ್ತಾಗುವುದಿಲ್ಲ, ವಾಪಸ್ ಹತ್ತುವಾಗ ಮಂಡಿ ಹೇಳುತ್ತದೆ. ಜರ್ಮನಿಯ ಕಡಲ ಇಲಾಖೆಯ ಜಾಲತಾಣದಲ್ಲಿ ‘ಸಾಂಕ್ಟ್ ಪೌಲಿ’ ಎಂದು ಹುಡುಕಿದರೆ ಆ ದಿನದ ಉಬ್ಬರ–ಇಳಿತದ ಗಂಟೆಗಳು ಸಿಗುತ್ತವೆ. ಮಗನಿಗೆ ಹೇಳಿ, ರೈಲಿನ ಟಿಕೆಟ್ ಮಾಡಿಸುವ ಮೊದಲು ಅದನ್ನು ನೋಡಲಿ. ಬ್ರೆಮೆನ್‌ನಿಂದ ಸುಮಾರು ಒಂದು ಗಂಟೆಯ ದಾರಿ, ಯಾವ ಹೊತ್ತಿಗೆ ಬೇಕಾದರೂ ಹೊರಡಬಹುದು.

ಇನ್ನು ಒಂದು ಗಂಟೆಯ ಕ್ರೂಸ್. ಕಟ್ಟೆಯ ಮೇಲೆ ಕಾಲಿಟ್ಟ ಕೂಡಲೇ ಟೋಪಿ ಹಾಕಿದವರು ಕೂಗಿ ಕರೆಯುತ್ತಾರೆ. ಕೆಟ್ಟವರೇನಲ್ಲ, ಆದರೆ ಕೇಳಿದ್ದಕ್ಕೆಲ್ಲ ‘ಹೌದು ಹೌದು’ ಅನ್ನುವ ಜಾತಿ. ದೊಡ್ಡ ದೋಣಿಗಳು ಹಳೆಯ ಗೋದಾಮುಗಳ ಕಾಲುವೆಯೊಳಗೆ ಹೋಗುವುದೇ ಇಲ್ಲ. ಬಾರ್ಕಾಸ್ಸೆ ಎಂಬ ತಗ್ಗು ದೋಣಿಗಳು ಹೋಗುತ್ತವೆ, ಅದೂ ನೀರು ಒಪ್ಪಿದರೆ. ಇಳಿತದಲ್ಲಿ ಕಾಲುವೆಯ ತಳದ ಕೆಸರು ಕಾಣುತ್ತದೆ. ನೀರು ತೀರಾ ಏರಿದರೆ ಸೇತುವೆಯ ಕೆಳಗೆ ನುಸುಳಲು ಜಾಗ ಇರುವುದಿಲ್ಲ. ‘ಈ ಹೊತ್ತಿನ ದೋಣಿ ಕಾಲುವೆಯೊಳಗೆ ಹೋಗುತ್ತದಾ’ ಎಂದು ಕೇಳಿ, ಖಚಿತ ಉತ್ತರ ಬಾರದಿದ್ದರೆ ಮುಂದೆ ನಡೆಯಿರಿ.

ನನ್ನನ್ನು ಕೇಳಿದರೆ ಅದೇ ಕಟ್ಟೆಯ ಮೂರನೇ ಸೇತುವೆಗೆ ಹೋಗಿ 62ನೇ ನಂಬರಿನ ಫೆರ್ರಿ ಹತ್ತಿ. ಇದು ಊರ ಜನ ಕೆಲಸಕ್ಕೆ ಹೋಗಿಬರುವ ಸಾರ್ವಜನಿಕ ದೋಣಿ. ಬಸ್ಸು, ರೈಲಿಗೆ ತಗೊಂಡ ದಿನದ ಪಾಸೇ ಇದಕ್ಕೂ ನಡೆಯುತ್ತದೆ. ಮೇಲಿನ ಡೆಕ್ಕಿಗೆ ಮೆಟ್ಟಿಲು ಹತ್ತಬೇಕು, ನೀವಿಬ್ಬರೂ ಕೆಳಗೆ ಕಿಟಕಿ ಹಿಡಿದು ಕೂತುಬಿಡಿ. ಕೊನೆಯ ನಿಲ್ದಾಣ ಫಿಂಕನ್‌ವೆರ್ಡರ್ ತನಕ ಸುಮಾರು ಅರ್ಧ ಗಂಟೆ. ವಿವರಣೆ ಕೊಡುವವರಿಲ್ಲ, ಹಳೆಯ ಜೋಕುಗಳೂ ಇಲ್ಲ. ಎದುರಿನ ದಡದ ಕ್ರೇನುಗಳು ಕಂಟೇನರ್‌ಗಳನ್ನು ಎತ್ತುವುದು ಇಲ್ಲಿಂದಲೇ ಕಾಣುತ್ತದೆ. ಕೆಲವು ಹಡಗುಗಳ ಉದ್ದ ನಾನೂರು ಮೀಟರ್. ಪಕ್ಕದಲ್ಲಿ ಹಾದುಹೋಗುವಾಗ ಕಿಟಕಿಯ ತುಂಬ ಬರೀ ಕಬ್ಬಿಣದ ಗೋಡೆ. ಬಿಸಿಲಿನ ಭಾನುವಾರ ಮಾತ್ರ ಈ ಫೆರ್ರಿಗೆ ಹೋಗಬೇಡಿ, ಸಾಲು ನೋಡಿಯೇ ಸಾಕಾಗುತ್ತದೆ.

ವಾಪಸ್ ಬರುವಾಗ ನೋಯ್‌ಮ್ಯೂಲೆನ್ ನಿಲ್ದಾಣದಲ್ಲಿ ಇಳಿಯಿರಿ. ಅಲ್ಲಿ ಹಳೆಯ ಹಡಗುಗಳ ಪುಟ್ಟ ತಂಗುದಾಣವಿದೆ, ಮುಂದೆ ಎಲ್ಬೆಯ ಮರಳು ದಂಡೆ. ಅಲ್ಲೊಂದು ಬಂಡೆ. 1999ರಲ್ಲಿ ಹಡಗುಗಳಿಗಾಗಿ ನದಿಯನ್ನು ಆಳ ಮಾಡುವಾಗ ಸಿಕ್ಕಿದ್ದು, ತೂಕ 217 ಟನ್. ಹಿಮಯುಗದಲ್ಲಿ ಸ್ವೀಡನ್ನಿನಿಂದ ನೀರ್ಗಲ್ಲು ನೂಕಿಕೊಂಡು ತಂದದ್ದಂತೆ, ಅದಕ್ಕೇ ‘ಮುದುಕ ಸ್ವೀಡ’ ಎಂದು ಹೆಸರಿಟ್ಟಿದ್ದಾರೆ. ಯಾವ ಏಜೆಂಟರ ಪಟ್ಟಿಯಲ್ಲೂ ಇದನ್ನು ನಾನು ಕಂಡಿಲ್ಲ, ಟಿಕೆಟ್ ಇಲ್ಲದ್ದಕ್ಕೆ ಕಮಿಷನ್ ಎಲ್ಲಿಂದ ಬರಬೇಕು? ದಂಡೆಯ ಮರಳಿನಲ್ಲಿ ನಡೆಯುವುದು ಕಷ್ಟವಾದರೆ ಹಳೆಯ ಹಡಗುಗಳನ್ನಷ್ಟೇ ನೋಡಿ ಮುಂದಿನ ಫೆರ್ರಿ ಹಿಡಿಯಿರಿ.

ಲಾಂಡುಂಗ್ಸ್‌ಬ್ರೂಕೆನ್‌ಗೆ ಮರಳಿದ ಮೇಲೆ ಆ ಸುರಂಗ. 1911ರಲ್ಲಿ ತೆರೆದದ್ದು, 426 ಮೀಟರ್ ಉದ್ದ, ನೆಲದಿಂದ 24 ಮೀಟರ್ ಕೆಳಗೆ. ಆ ಕಡೆಯ ಹಡಗುಕಟ್ಟೆಗಳಿಗೆ ಕೆಲಸಗಾರರು ಮಂಜು, ಮಂಜುಗಡ್ಡೆ ಎನ್ನದೆ ದಾಟಲಿ ಎಂದು ಕಟ್ಟಿದ್ದು. ಇಳಿಯಲು ಲಿಫ್ಟ್ ಇದೆ, ಆದ್ದರಿಂದ ಮಂಡಿಯ ಚಿಂತೆ ಬೇಡ. ಬೇಗ ಬೇಗ ದಾಟಬೇಡಿ, ಗೋಡೆಯ ಬಿಳಿ ಹೆಂಚುಗಳ ನಡುವೆ ಕೂರಿಸಿರುವ ಉಬ್ಬುಚಿತ್ರಗಳನ್ನು ನೋಡುತ್ತ ಹೋಗಿ: ಮೀನು, ಏಡಿ, ಒಂದು ಕಡೆ ಯಾರೋ ಎಸೆದ ಹಳೇ ಬೂಟಿನ ಸುತ್ತ ಇಲಿಗಳು. ಆಚೆ ದಡದಲ್ಲಿ ಮೇಲೆ ಬಂದರೆ ಇಡೀ ಊರಿನ ಮುಖ ಒಂದೇ ನೋಟಕ್ಕೆ ಸಿಗುತ್ತದೆ. ಪಟ ತೆಗೆಯುವುದಿದ್ದರೆ ಅಲ್ಲಿ ತೆಗೆಯಿರಿ.

ಎಲ್ಬ್‌ಫಿಲ್ಹಾರ್ಮೊನಿ ನೋಡಬೇಕು, ಅದರಲ್ಲಿ ತಕರಾರಿಲ್ಲ. ಸಂಗೀತ ಕಛೇರಿಗೆ ಟಿಕೆಟ್ ಸಿಗದಿದ್ದರೂ 37 ಮೀಟರ್ ಎತ್ತರದಲ್ಲಿರುವ ಪ್ಲಾಜಾ ಎಂಬ ಊರು ನೋಡುವ ಜಗಲಿಗೆ ಬೇರೆಯದೇ ಪಾಸ್ ಉಂಟು. ಬಾಗಿದ ಉದ್ದನೆಯ ಎಸ್ಕಲೇಟರ್ ನಿಮ್ಮನ್ನು ಮೇಲೆ ಒಯ್ಯುತ್ತದೆ. ಗಾಜಿನ ಅಲೆಗಳನ್ನು ಹೊಗಳುವವರು ಅದರ ಕೆಳಗಿನ ಇಟ್ಟಿಗೆ ಕಟ್ಟಡವನ್ನು ಮರೆಯುತ್ತಾರೆ. ಅದು 1960ರ ದಶಕದ ಗೋದಾಮು. ಕೋಕೋ, ಚಹಾ, ಹೊಗೆಸೊಪ್ಪು ತುಂಬುತ್ತಿದ್ದ ಆ ಗೋಡೆಗಳನ್ನು ಉಳಿಸಿಕೊಂಡು ಮೇಲೆ ಗಾಜು ಕೂರಿಸಿ 2017ರಲ್ಲಿ ತೆರೆದರು. ಖರ್ಚು ಕೊನೆಗೆ 86.6 ಕೋಟಿ ಯೂರೊ ಮುಟ್ಟಿತು. ಸರ್ಕಾರಿ ಕಾಮಗಾರಿಯ ಬಿಲ್ಲು ಉಬ್ಬುವುದು ನಮ್ಮಲ್ಲಿ ಮಾತ್ರ ಅಂದುಕೊಂಡವರಿಗೆ ಇದನ್ನು ತೋರಿಸಬಹುದು.

ಅಲ್ಲಿಂದ ಶ್ಪೈಶರ್‌ಸ್ಟಾಟ್, ಅಂದರೆ ಗೋದಾಮುಗಳ ಪೇಟೆ, ನಡೆಯುವಷ್ಟು ದೂರ. ಇದನ್ನು ಸಂಜೆಗೇ ಇಟ್ಟುಕೊಳ್ಳಿ. 1883ರಿಂದ ಕಟ್ಟಲು ಶುರು ಮಾಡಿದರು, ಓಕ್ ಮರದ ಕಂಬಗಳನ್ನು ಕೆಸರಿಗೆ ಬಡಿದು ಅವುಗಳ ಮೇಲೆ. ಸುಂಕವಿಲ್ಲದೆ ಸರಕು ಇಡುವ ಈ ಜಾಗಕ್ಕಾಗಿ ಸುಮಾರು ಇಪ್ಪತ್ತು ಸಾವಿರ ಜನರ ಮನೆ ಕೆಡವಿ ಒಕ್ಕಲೆಬ್ಬಿಸಿದರು. ‘ರೊಮ್ಯಾಂಟಿಕ್ ಕಾಲುವೆಗಳು’ ಎಂದು ರೀಲ್ಸ್ ಮಾಡುವವರು ಇದನ್ನು ಹೇಳುವುದಿಲ್ಲ. 2015ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಒಂದೊಂದು ಗೋದಾಮಿಗೂ ಎರಡು ಮುಖ, ಒಂದು ಬೀದಿಗೆ, ಇನ್ನೊಂದು ಕಾಲುವೆಗೆ. ಕತ್ತೆತ್ತಿ ನೋಡಿ: ಮಾಡಿನ ತುದಿಯಲ್ಲಿ ಹಸಿರುಗಟ್ಟಿದ ತಾಮ್ರದ ಹೊದಿಕೆ, ಅದರೊಳಗೆ ರಾಟೆ. ಕೆಳಗೆ ದೋಣಿಯಲ್ಲಿದ್ದ ಕಾಫಿ, ಮೆಣಸಿನ ಮೂಟೆಗಳನ್ನು ಹಗ್ಗ ಕಟ್ಟಿ ನೇರ ಅಂತಸ್ತಿಗೆ ಎಳೆದುಕೊಳ್ಳುತ್ತಿದ್ದರು. ಚಿಕ್ಕಮಗಳೂರು, ಕೊಡಗಿನ ಕಾಫಿಗೂ ಜರ್ಮನಿ ದೊಡ್ಡ ಗಿರಾಕಿ. ನಿಮ್ಮ ಕಡೆಯ ತೋಟದವರಿಗೆ ಇಲ್ಲಿನ ಕಾಫಿ ಮ್ಯೂಸಿಯಂ ಹಿಡಿಸೀತು. ಪೊಗ್ಗನ್‌ಮ್ಯೂಲೆನ್ ಸೇತುವೆಯ ಮೇಲೆ ನಿಂತರೆ ಎರಡು ಕಾಲುವೆ ಕೂಡುವಲ್ಲಿ ಪುಟ್ಟ ಕೋಟೆಯಂಥ ಮನೆ ಕಾಣುತ್ತದೆ. ಶ್ರೀಮಂತರದ್ದಲ್ಲ, ಆ ರಾಟೆಗಳನ್ನು ರಿಪೇರಿ ಮಾಡುತ್ತಿದ್ದ ಕೆಲಸಗಾರರ ವಸತಿ. ಕಲ್ಲು ಹಾಸಿದ ಬೀದಿಗಳು, ಶೂ ಒಳ್ಳೆಯದಿರಲಿ.

ಹೊತ್ತು ಮಿಕ್ಕರೆ ಸಾಂಕ್ಟ್ ನಿಕೊಲಾಯ್ ಚರ್ಚಿನ ಅವಶೇಷಕ್ಕೆ ಹೋಗಿ. 147 ಮೀಟರಿನ ಅದರ ಗೋಪುರ 1874ರಿಂದ ಎರಡು ವರ್ಷ ಲೋಕದಲ್ಲೇ ಅತಿ ಎತ್ತರದ ಕಟ್ಟಡವಾಗಿತ್ತು. 1943ರ ಜುಲೈ ಕೊನೆಯಲ್ಲಿ ಬ್ರಿಟಿಷ್, ಅಮೆರಿಕನ್ ವಿಮಾನಗಳು ಊರಿನ ಮೇಲೆ ಬೆಂಕಿ ಸುರಿದವು, ಮೂವತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು. ಚರ್ಚು ಉರುಳಿ ಗೋಪುರ ಉಳಿಯಿತು. ಬೇಕೆಂದೇ ಹಾಗೇ ಬಿಟ್ಟಿದ್ದಾರೆ. ಗಾಜಿನ ಲಿಫ್ಟ್ 76 ಮೀಟರ್ ಮೇಲಕ್ಕೆ ಒಯ್ಯುತ್ತದೆ. ಮಿಶೆಲ್ ಚರ್ಚಿನ ಗೋಪುರವನ್ನೂ ಎಲ್ಲರೂ ಹೇಳುತ್ತಾರೆ, ಅಲ್ಲೂ ಲಿಫ್ಟ್ ಉಂಟು. ಆದರೆ ಒಂದೇ ದಿನ ಎರಡು ಗೋಪುರ ಹತ್ತಿ ಒಂದೇ ಊರನ್ನು ಎರಡು ಸಲ ನೋಡುವುದೇಕೆ? ಪುರಭವನಕ್ಕೆ 647 ಕೋಣೆಗಳಿವೆ, ಹೊರಗಿನಿಂದ ನೋಡಿದರೆ ಸಾಕು.

ಇಷ್ಟೇ. ಹನ್ನೆರಡಾಗಲಿಲ್ಲ ಅಂತ ಬೇಜಾರು ಬೇಡ.

‘ಜನ ಗಣ ಮನ’ ಮೊದಲು ನುಡಿಸಿದ್ದು ಹ್ಯಾಂಬರ್ಗ್‌ನಲ್ಲಿ ಎಂದು ವಾಟ್ಸಾಪ್‌ನಲ್ಲಿ ಬಂದಿದೆ. ನಿಜವೇ? (ಓದುಗರು, ತುಮಕೂರು)

ಅರ್ಧ ನಿಜ. ಹಾಡನ್ನು ಮೊದಲು ಹಾಡಿದ್ದು 1911ರ ಡಿಸೆಂಬರ್ 27ರಂದು ಕಲ್ಕತ್ತೆಯ ಕಾಂಗ್ರೆಸ್ ಅಧಿವೇಶನದಲ್ಲಿ. ರಾಷ್ಟ್ರಗೀತೆ ಎಂಬ ಸ್ಥಾನ ಕೊಟ್ಟು ವಾದ್ಯವೃಂದ ಅದನ್ನು ನುಡಿಸಿದ್ದು ಇಲ್ಲಿ, 1942ರ ಸೆಪ್ಟೆಂಬರ್ 11ರಂದು, ಜರ್ಮನ್–ಭಾರತೀಯ ಸಂಘದ ಉದ್ಘಾಟನೆಯಲ್ಲಿ, ಸುಭಾಷ್‌ಚಂದ್ರ ಬೋಸರ ಎದುರು. ಸಂವಿಧಾನ ಸಭೆ ಒಪ್ಪಿದ್ದು 1950ರಲ್ಲಿ. ಅದಕ್ಕೆ ಮುಂದಿನ ಬಾಲಂಗೋಚಿಗಳನ್ನು ದಯವಿಟ್ಟು ನನಗೆ ಕಳಿಸಬೇಡಿ. ರಾಷ್ಟ್ರಗೀತೆಯ ಹುಚ್ಚಿರುವವರು ಹ್ಯಾಂಬರ್ಗ್ ಪಕ್ಕದ ವೇಡೆಲ್ ಊರಿಗೆ ಹೋಗಿ. ಅಲ್ಲಿ ನದಿ ದಂಡೆಯಲ್ಲಿ 1952ರಿಂದ, ಹಾದುಹೋಗುವ ದೊಡ್ಡ ಹಡಗುಗಳಿಗೆಲ್ಲ ಅವುಗಳ ಧ್ವಜದ ದೇಶದ ರಾಷ್ಟ್ರಗೀತೆ ಹಾಕಿ ಸ್ವಾಗತಿಸುತ್ತಾರೆ. ಹೆಚ್ಚಾಗಿ ಪನಾಮಾ, ಲೈಬೀರಿಯಾಗಳದ್ದೇ ಕೇಳಿಸುತ್ತದೆ, ಹಡಗಿನ ಮಾಲೀಕರು ಅಲ್ಲಿ ನೋಂದಾಯಿಸುವುದರಿಂದ.

ಮೇ ತಿಂಗಳ ‘ಬಂದರಿನ ಹುಟ್ಟುಹಬ್ಬ’ಕ್ಕೆ ಹೊಂದಿಸಿಕೊಂಡು ಬರಬೇಕಾ?

ಜನಜಂಗುಳಿ ಇಷ್ಟವಿದ್ದರೆ ಬನ್ನಿ, ಹೋಟೆಲಿಗೆ ದುಡ್ಡು ಹೆಚ್ಚು ತೆತ್ತು. ಹುಟ್ಟಿದ ದಿನವಂತೂ ಸುಳ್ಳು. 1189ರ ಮೇ 7ರಂದು ಚಕ್ರವರ್ತಿ ಬಾರ್ಬರೋಸಾ ಕೊಟ್ಟ ಸುಂಕದ ವಿನಾಯಿತಿ ಪತ್ರವೇ ಅದಕ್ಕೆ ಆಧಾರವಂತೆ, ಆ ಪತ್ರವೋ ಮುಂದಿನ ಶತಮಾನದಲ್ಲಿ ಹುಟ್ಟಿಸಿದ ಖೊಟ್ಟಿ ದಾಖಲೆ. ಊರಿನವರಿಗೂ ಇದು ಗೊತ್ತು, ಆದರೂ ಪಟಾಕಿ ಹೊಡೆಯುತ್ತಾರೆ.

ರೀಪರ್‌ಬಾನ್‌ಗೆ ಕುಟುಂಬದ ಜೊತೆ ಹೋಗಬಹುದೇ?

ರಾತ್ರಿ ಮೋಜಿನ, ಕೆಂಪು ದೀಪದ ಬೀದಿ ಅದು. ಸಂಜೆ ಏಳರವರೆಗೆ ಧಾರಾಳವಾಗಿ ಹೋಗಿ. ನಾಟಕಶಾಲೆಗಳಿವೆ, 1960ರಲ್ಲಿ ಬೀಟಲ್ಸ್ ನುಡಿಸಲು ಶುರು ಮಾಡಿದ ಇಂದ್ರಾ ಕ್ಲಬ್ ಕೂಡ ಅಲ್ಲೇ ಪಕ್ಕದ ಬೀದಿಯಲ್ಲಿದೆ. ಅಡ್ಡ ತಡಿಕೆ ಹಾಕಿರುವ, ಮೈ ಮಾರುವವರ ಹರ್ಬರ್ಟ್ ಬೀದಿಗೆ ಹೆಂಗಸರು, ಮಕ್ಕಳು ಬರಬಾರದೆಂಬ ಬೋರ್ಡ್ ಇದೆ. ‘ಸುಮ್ಮನೆ ಇಣುಕಿ ಬರ್ತೀವಿ’ ಎನ್ನುವವರನ್ನು ನಾನು ಕರೆದುಕೊಂಡು ಹೋಗುವುದಿಲ್ಲ. ಫೋನ್ ಜೇಬಿನಲ್ಲಿರಲಿ. ದರಪಟ್ಟಿ ತೋರಿಸದ ಬಾರಿನಲ್ಲಿ ನೀರನ್ನೂ ಕೇಳಬೇಡಿ.

ನಾವು ಶುದ್ಧ ಸಸ್ಯಾಹಾರಿಗಳು. ಭಾನುವಾರದ ಮೀನು ಮಾರುಕಟ್ಟೆಯಲ್ಲಿ ನಮಗೇನಿದೆ?

ನಿದ್ದೆಗೆಟ್ಟ ಬೆಳಗು. ಬೇಸಿಗೆಯಲ್ಲಿ ಐದಕ್ಕೆ ಶುರುವಾಗಿ ಒಂಬತ್ತೂವರೆಗೆ ಮುಗಿಯುತ್ತದೆ. 1703ರಿಂದ ನಡೆದುಬಂದ ಸಂತೆ, ಮೀನಿನಷ್ಟೇ ಹಣ್ಣು, ಹೂಗಿಡಗಳೂ ಇವೆ. ಮುಚ್ಚುವ ಹೊತ್ತಿಗೆ ಹೋದರೆ ಬಾಳೆಹಣ್ಣು, ಅನಾನಸು ತುಂಬಿದ ಬುಟ್ಟಿಯನ್ನು ಕೂಗಿ ಕೂಗಿ ಇಳಿದ ಬೆಲೆಗೆ ಕೊಡುತ್ತಾರೆ. ತಿನ್ನಲು ಬೇಕರಿಯ ಫ್ರಾಂಟ್ಸ್‌ಬ್ರೋಟ್‌ಶನ್ ಕೇಳಿ, ದಾಲ್ಚಿನ್ನಿ ಮತ್ತು ಬೆಣ್ಣೆ ಹಾಕಿ ಮಡಿಸಿ ಬೇಯಿಸಿದ್ದು. ಮೊಟ್ಟೆಯೂ ಆಗದವರು ಕೊಳ್ಳುವ ಮೊದಲೇ ವಿಚಾರಿಸಿ, ಆಮೇಲೆ ನನಗೆ ಫೋನ್ ಮಾಡಬೇಡಿ.

ವೆನಿಸ್‌ಗಿಂತ ಹ್ಯಾಂಬರ್ಗ್‌ನಲ್ಲಿ ಸೇತುವೆ ಹೆಚ್ಚಂತೆ?

ಹೌದು, ಸುಮಾರು 2,500. ಎಣಿಸಲು ಬರುತ್ತಿದ್ದೀರಾ?

ಹ್ಯಾಂಬರ್ಗರ್ ತಿನ್ನಲು ಒಳ್ಳೆಯ ಜಾಗ ಯಾವುದು?

ಬೆಂಗಳೂರು.

ಜರ್ಮನಿಯೆಲ್ಲೆಡೆ ಬಸ್ಸು, ಲೋಕಲ್ ರೈಲಿಗೆ ನಡೆಯುವ ತಿಂಗಳ ಡಾಯ್ಚ್‌ಲ್ಯಾಂಡ್ ಟಿಕೆಟ್ ತಗೊಂಡರೆ ಲಾಭವಾ?

ಎರಡು ದಿನಕ್ಕೆ ಬರುವವರಿಗೆ ಅಲ್ಲ. ಅದು ಚಂದಾ, ಹೊತ್ತಿಗೆ ಸರಿಯಾಗಿ ರದ್ದು ಮಾಡದಿದ್ದರೆ ನೀವು ಊರಿಗೆ ಮರಳಿದ ಮೇಲೂ ಮುಂದಿನ ತಿಂಗಳ ಹಣ ಕತ್ತರಿಸಿಕೊಳ್ಳುತ್ತದೆ. ದಿನದ ಪಾಸ್ ಸಾಕು. ಐದು ಜನರವರೆಗೆ ಒಟ್ಟಿಗಿದ್ದರೆ ಗುಂಪಿನ ಪಾಸ್ ಕೇಳಿ.