ಒಗರಿಗೆ ಅಡ್ಡ ನಿಲ್ಲುವ ಜೊಲ್ಲು: ಇಲಿಯ ಜೀನ್ ಕುರಿತು ಓದುಗರ ಪ್ರಶ್ನೆಗಳು

ಪ್ರಶ್ನೆ: ಟ್ಯಾನಿನ್ (ಒಗರು ಕೊಡುವ ಸಸ್ಯವಸ್ತು) ಹೆಚ್ಚಿರುವ ಜೋಳ ತಿನ್ನಿಸಿದರೆ ಇಲಿಯ ಜೊಲ್ಲು ಬದಲಾಗುತ್ತದೆ ಎಂದು ಓದಿದೆ. ತಿನ್ನುವ ಆಹಾರ ಜೀನನ್ನೇ ಬದಲಿಸಿಬಿಡುತ್ತದೆಯೇ? (ಪಿಯುಸಿ ವಿದ್ಯಾರ್ಥಿ, ಹಾಸನ)

ಉತ್ತರ: ಜೊಲ್ಲಿನಲ್ಲಿ ಟ್ಯಾನಿನ್‌ಗೆ ಅಂಟಿಕೊಳ್ಳುವ ಪ್ರೋಟೀನುಗಳ ಜೀನ್ ಇದ್ದಂತೆಯೇ ಇರುತ್ತದೆ, ಅದು ದುಡಿಯುವ ವೇಗ ಮಾತ್ರ ಏರುತ್ತದೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ತಂಡ 1983ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇಂಥ ಜೋಳ ತಿಂದ ಇಲಿಗಳು ಮೊದಲ ಮೂರು ದಿನ ತೂಕ ಕಳೆದುಕೊಂಡವು. ಅಷ್ಟರಲ್ಲಿ ಕಿವಿಯ ಬುಡದ ಜೊಲ್ಲುಗ್ರಂಥಿ ಪರೋಟಿಡ್ ಸುಮಾರು 3 ಪಟ್ಟು ಊದಿಕೊಂಡಿತು. ಪ್ರೋಲೀನ್ ಎಂಬ ಅಮೈನೊ ಆಮ್ಲ ತುಂಬಿದ ಆ ಪ್ರೋಟೀನುಗಳು ಸುಮಾರು 12 ಪಟ್ಟು ಹೆಚ್ಚಿದವು. ಆಮೇಲೆ ತೂಕ ಮತ್ತೆ ಏರತೊಡಗಿತು. ಈ ಸುದ್ದಿಯನ್ನು ಗ್ರಂಥಿಗೆ ಮುಟ್ಟಿಸುವುದು ಬೀಟಾ ಗ್ರಾಹಿಗಳು. ಹಾಗಾಗಿಯೇ ಅವನ್ನು ಕೆರಳಿಸುವ ಐಸೊಪ್ರೊಟೆರಿನಾಲ್ ಚುಚ್ಚಿದರೂ ಇದೇ ಪರಿಣಾಮ ಕಾಣುತ್ತದೆ, ಅವನ್ನು ತಡೆಯುವ ಪ್ರೊಪ್ರನಲಾಲ್ ಕೊಟ್ಟರೆ ಅದು ನಿಲ್ಲುತ್ತದೆ.

ಹ್ಯಾಮ್‌ಸ್ಟರ್‌ಗಳ ಗತಿ ನೋಡಿದರೆ ಇದರ ಬೆಲೆ ತಿಳಿಯುತ್ತದೆ. ಅವುಗಳಲ್ಲಿ ಟ್ಯಾನಿನ್ ಈ ಜೀನುಗಳನ್ನು ಎಬ್ಬಿಸುವುದಿಲ್ಲ. ಶೇ. 2ರಷ್ಟು ಟ್ಯಾನಿನ್ ಇದ್ದ ಆಹಾರದಲ್ಲಿ ಮರಿಗಳು ಬೆಳೆಯಲೇ ಇಲ್ಲ.

ಪ್ರಶ್ನೆ: ಇಲಿಯ ಪರೋಟಿಡ್ ಸಿಡಿಎನ್‌ಎಯಿಂದ (ಆರ್‌ಎನ್‌ಎಯಿಂದ ಮಾಡಿದ ಡಿಎನ್‌ಎ ಪ್ರತಿ) ಈ ಜೀನನ್ನು ಪಿಸಿಆರ್ (ಡಿಎನ್‌ಎ ತುಣುಕಿನ ನಕಲು ಹೆಚ್ಚಿಸುವ ವಿಧಾನ) ಮಾಡಿದರೆ ಒಂದು ಬ್ಯಾಂಡ್ ಬದಲು ಏಣಿಯಂತೆ ಹಲವು ಬರುತ್ತವೆ. ಪ್ರೋಟೀನ್ ಜೆಲ್‌ನಲ್ಲೂ ಲೆಕ್ಕದ ತೂಕಕ್ಕೂ ಬ್ಯಾಂಡಿಗೂ ಹೊಂದುವುದಿಲ್ಲ. (ಎಂ.ಎಸ್ಸಿ. ವಿದ್ಯಾರ್ಥಿನಿ, ಧಾರವಾಡ)

ಉತ್ತರ: ಎರಡಕ್ಕೂ ಮೂಲ ಒಂದೇ: ಪ್ರೋಲೀನ್, ಗ್ಲುಟಮಿನ್, ಗ್ಲೈಸಿನ್ ತುಂಬಿದ ತುಣುಕೊಂದು ಸಣ್ಣಪುಟ್ಟ ವ್ಯತ್ಯಾಸದೊಂದಿಗೆ ಮತ್ತೆ ಮತ್ತೆ ಬರುವುದು. ಒಂದು ಸುತ್ತಿನಲ್ಲಿ ಅರ್ಧಕ್ಕೆ ನಿಂತ ಎಳೆ ಮುಂದಿನ ಸುತ್ತಿನಲ್ಲಿ ಬೇರೊಂದು ಪುನರಾವರ್ತನೆಗೆ ಅಂಟಿ ಪ್ರೈಮರ್‌ನಂತೆ (ನಕಲು ಶುರುಮಾಡುವ ತುಂಡು) ವರ್ತಿಸುತ್ತದೆ. ಏಣಿ ಹುಟ್ಟುವುದು ಅಲ್ಲಿ. ಪ್ರೈಮರ್‌ಗಳನ್ನು ಪುನರಾವರ್ತನೆಯ ಒಳಗೆ ಇಡಲೇಬೇಡಿ. ಒಂದನ್ನು ಸಿಗ್ನಲ್ ಪೆಪ್ಟೈಡ್ ಭಾಗದಲ್ಲಿ, ಇನ್ನೊಂದನ್ನು ಸ್ಟಾಪ್ ಕೋಡಾನ್ ದಾಟಿದ ಮೇಲೆ ಇಡಿ. 98 ಡಿಗ್ರಿಯಲ್ಲಿ ಎಳೆ ಬಿಡಿಸಿ, ಎಳೆ ಬಿಡಿಸಲು ನೆರವಾಗುವ ದ್ರಾವಕ ಡಿಎಂಎಸ್‌ಒ ಶೇ. 5 ಸೇರಿಸಿ, ವಿಸ್ತರಣೆಯ ಸಮಯ ಹೆಚ್ಚಿಸಿ, 25 ಸುತ್ತಿಗೆ ನಿಲ್ಲಿಸಿ. ಸುತ್ತು ಹೆಚ್ಚಿದಷ್ಟೂ ಏಣಿ ದಟ್ಟವಾಗುತ್ತದೆ. ಕ್ಲೋನ್ ಮಾಡುವಾಗ ಸಾಮಾನ್ಯ ಇ. ಕೋಲಿ ಪುನರಾವರ್ತನೆಗಳನ್ನು ಕಿತ್ತು ಹಾಕುವ ಸಾಧ್ಯತೆ ಇರುವುದರಿಂದ ಎಸ್‌ಟಿಬಿಎಲ್3 ತಳಿ ಬಳಸಿ 30 ಡಿಗ್ರಿಯಲ್ಲಿ ಬೆಳೆಸಿ.

ಇನ್ನು ಜೆಲ್. ಈ ಪ್ರೋಟೀನುಗಳು ಜೆಲ್‌ನಲ್ಲಿ ಓಡಿಸುವ ಮಾರ್ಜಕ ಎಸ್‌ಡಿಎಸ್ಸನ್ನು ಸರಿಯಾಗಿ ಹಿಡಿದುಕೊಳ್ಳುವುದಿಲ್ಲ, ನಿಧಾನ ಓಡುತ್ತವೆ, ಹಾಗಾಗಿ ತೂಕ ಹೆಚ್ಚೆಂದು ಕಾಣುತ್ತದೆ. ನಂಬಬೇಕಾದದ್ದು ಮಾಸ್ ಸ್ಪೆಕ್ಟ್ರಮ್ ಕೊಡುವ ತೂಕವನ್ನು. ಕೂಮಾಸಿ ಆರ್-250 ಬಣ್ಣ ಹಾಕಿ, ಮೆಥನಾಲ್ ಇಲ್ಲದ ಶೇ. 10 ಅಸಿಟಿಕ್ ಆಮ್ಲದಲ್ಲಿ ತೊಳೆಯಿರಿ. ಉಳಿದ ಬ್ಯಾಂಡುಗಳು ನೀಲಿಯಾಗಿದ್ದರೆ ಇವು ಗುಲಾಬಿ-ನೇರಳೆಯಾಗಿ ನಿಲ್ಲುತ್ತವೆ. ಮೆಥನಾಲ್ ಹಾಕಿದರೆ ಆ ಬಣ್ಣ ಕೊಚ್ಚಿಹೋಗುತ್ತದೆ. ಇನ್ನೊಂದು ಎಚ್ಚರ: ಮಾದರಿ ಗಟ್ಟಿ ಮಾಡಲು ಶೇ. 10 ಟಿಸಿಎ (ಟ್ರೈಕ್ಲೋರೊಅಸಿಟಿಕ್ ಆಮ್ಲ) ಹಾಕಿ ತಳಕ್ಕಿಳಿದದ್ದನ್ನಷ್ಟೇ ಇಟ್ಟುಕೊಂಡರೆ ಇಲಿಯ ಈ ಪ್ರೋಟೀನುಗಳು ಮೇಲಿನ ದ್ರಾವಣದಲ್ಲೇ ಉಳಿದು ಸಿಂಕ್ ಸೇರುತ್ತವೆ. 280 ನ್ಯಾನೊಮೀಟರ್ ಬೆಳಕಿನಲ್ಲಿ ಪ್ರೋಟೀನ್ ಅಳೆಯುವುದನ್ನೂ ನೆಚ್ಚಬೇಡಿ. ಬೆಳಕು ಹೀರುವ ಟ್ರಿಪ್ಟೊಫಾನ್, ಟೈರೊಸಿನ್ ಇವುಗಳಲ್ಲಿ ಇಲ್ಲವೆನ್ನುವಷ್ಟು ಕಡಿಮೆ.

ಪ್ರಶ್ನೆ: ಟ್ಯಾನಿನ್ ಪ್ರೋಟೀನಿಗೆ ಅಂಟುವುದನ್ನು ಪ್ರೌಢಶಾಲೆಯ ಮಕ್ಕಳಿಗೆ ತೋರಿಸಬಹುದೇ? (ಶಿಕ್ಷಕಿ, ಶಿರಸಿ)

ಉತ್ತರ: ಖಂಡಿತ. 1 ಗ್ರಾಂ ಜೆಲಟಿನ್ ಅನ್ನು 100 ಮಿ.ಲೀ. ಬಿಸಿನೀರಿನಲ್ಲಿ ಕರಗಿಸಿ, ಅದರಲ್ಲೂ ಪ್ರೋಲೀನ್ ಧಾರಾಳವಾಗಿದೆ. ಎರಡು ಚಮಚ ಚಹಾಪುಡಿಯನ್ನು ಅಷ್ಟೇ ನೀರಿನಲ್ಲಿ 5 ನಿಮಿಷ ಕುದಿಸಿ, ಬಟ್ಟೆಯಲ್ಲಿ ಸೋಸಿ ಆರಲು ಬಿಡಿ. ಗಾಜಿನ ಲೋಟದಲ್ಲಿ ಹತ್ತತ್ತು ಮಿ.ಲೀ. ಬೆರೆಸಿದೊಡನೆ ತಿಳಿ ಡಿಕಾಕ್ಷನ್ ಮಂಜುಮಂಜಾಗಿ, ಸ್ವಲ್ಪ ಹೊತ್ತಿಗೆ ತಳದಲ್ಲಿ ಕಂದು ಗಸಿ ಕೂರುತ್ತದೆ. ಪ್ರೋಲೀನಿನ ಚಪ್ಪಟೆ ಉಂಗುರದ ಮೇಲೆ ಟ್ಯಾನಿನ್ ಉಂಗುರ ಒರಗಿಕೊಂಡು ಹತ್ತಾರು ಅಣುಗಳು ಒಟ್ಟಾಗಿ ಗಂಟುಬೀಳುವುದೇ ಇದು. ಎಳೆ ಅಡಿಕೆ, ನೇರಳೆಹಣ್ಣು ತಿಂದಾಗ ನಾಲಿಗೆ ತರಿತರಿಯಾಗುವುದೂ ಹೀಗೇ, ಜೊಲ್ಲಿನ ಜಾರುವ ಗುಣ ಆ ಗಂಟಿನೊಂದಿಗೆ ಹೋಗಿಬಿಡುತ್ತದೆ. ಚಹಾಕ್ಕೆ ಹಾಲು ಬಿದ್ದರೆ ಒಗರು ಇಳಿಯುವುದು ಹಾಲಿನ ಪ್ರೋಟೀನಾದ ಕೇಸೀನಿನಲ್ಲೂ ಪ್ರೋಲೀನ್ ಸಾಕಷ್ಟಿರುವುದರಿಂದ.

ಪ್ರಶ್ನೆ: ನಮ್ಮ ರೊಟ್ಟಿ ಜೋಳದಲ್ಲೂ ಇಷ್ಟು ಟ್ಯಾನಿನ್ ಇದೆಯೇ? (ಕೃಷಿಕರು, ವಿಜಯಪುರ)

ಉತ್ತರ: ಮಾಲದಂಡಿಯಂಥ ಬಿಳಿಜೋಳದಲ್ಲಿ ಆ ಭಯವಿಲ್ಲ. ಕೆಂಪು ಬಣ್ಣ ಕಂಡೊಡನೆ ಟ್ಯಾನಿನ್ ಎಂದುಕೊಳ್ಳುವುದೂ ತಪ್ಪು. ಅದು ಇರುವುದು ಸಿಪ್ಪೆಯ ಕೆಳಗಿನ ಬಣ್ಣದ ಪದರದಲ್ಲಿ. ಪರೀಕ್ಷೆಗೆ 100 ಕಾಳನ್ನು ಶೇ. 5 ಸೋಡಿಯಂ ಹೈಡ್ರಾಕ್ಸೈಡ್ ಬೆರೆಸಿದ, ಶೇ. 3.5 ಸೋಡಿಯಂ ಹೈಪೊಕ್ಲೋರೈಟ್ ಇರುವ ಬ್ಲೀಚ್ ದ್ರಾವಣದಲ್ಲಿ 20 ನಿಮಿಷ ನೆನೆಸಿ, ತೊಳೆದು ಕಾಗದದ ಮೇಲೆ ಹರಡಿ. ಟ್ಯಾನಿನ್ ಇರುವ ಕಾಳು ಇಡಿಯಾಗಿ ಕಪ್ಪಾಗುತ್ತದೆ, ಎಣಿಸಿದರೆ ಶೇಕಡಾವಾರು ಸಿಕ್ಕಿತು. ಮುರಿದ ಕಾಳಿನ ಕಲೆ ಲೆಕ್ಕಕ್ಕಿಲ್ಲ. ದ್ರಾವಣ ಚರ್ಮ ಸುಡುತ್ತದೆ, ಕೈಗವಸು, ಕನ್ನಡಕ ಬೇಕೇ ಬೇಕು. ನೆನೆಸಿದ ಕಾಳನ್ನು ಕೋಳಿಗೂ ಹಾಕಬೇಡಿ.