ಹಾಡು ಮುಗಿಯಿತು ಅಂತ ಎದ್ದು ಹೋಗಬೇಡಿ

ಕೀನ್ಯಾದ ರಾಜಧಾನಿ ನೈರೋಬಿಯ ಪಾರ್ಕ್‌ಲ್ಯಾಂಡ್ಸ್‌ ಬಡಾವಣೆಯಿಂದ ಓದುಗ ಸೋದರಿಯೊಬ್ಬರು ಬರೆದಿದ್ದಾರೆ: "ನಮ್ಮ ಯಜಮಾನರ ಕೆಲಸದ ಮೇಲೆ ಇಲ್ಲಿಗೆ ಬಂದು ಎರಡು ವರ್ಷ ಆಯಿತು. ಹೋದ ತಿಂಗಳು ಮೊದಲ ಸಲ ಲೈವ್ ಸಂಗೀತ ಕೇಳಲು ಹೋದೆವು. ಟಿಕೆಟ್‌ನಲ್ಲಿ ಮಧ್ಯಾಹ್ನ ಎರಡು ಗಂಟೆ ಅಂತಿತ್ತು. ಬ್ಯಾಂಡ್ ವೇದಿಕೆಗೆ ಬಂದಾಗ ಏಳು ಗಂಟೆ. ಮಕ್ಕಳು ಸುಸ್ತಾಗಿದ್ದರು. ಒಂದೊಂದು ಹಾಡೂ ಮುಗಿಯುವುದೇ ಇಲ್ಲ ಅನ್ನಿಸಿತು. ಎರಡು ಹಾಡು ಕೇಳಿ, ಮೂರನೆಯದರ ನಡುವೆ ಎದ್ದು ಬಂದೆವು. ಆದರೂ ಆ ಗಿಟಾರ್ ಕಿವಿಯಲ್ಲೇ ಉಳಿದುಬಿಟ್ಟಿದೆ. ಅಪಾರ್ಟ್‌ಮೆಂಟಿನ ಅಂಗಳದಲ್ಲಿ ಒಂದು ಸಂಜೆ ಇಲ್ಲಿಯ ಸಂಗೀತ ಇಡಿಸಬೇಕು ಅಂತ ಆಸೆ. ನೆರೆಹೊರೆಯವರು, ಆಫೀಸಿನವರು ಸೇರಿ ನಲವತ್ತು ಜನ ಆಗಬಹುದು. ಹೇಗೆ ಮಾಡುವುದು? ಹೊರಗಿನಿಂದ ಬಂದ ಇವರಿಗೆ ಇದೆಲ್ಲ ಯಾಕೆ ಅಂತ ಇಲ್ಲಿಯವರು ಅಂದುಕೊಳ್ಳುತ್ತಾರಾ?"

ಪ್ರಿಯ ಸೋದರಿ,

ನಿಮ್ಮ ಪತ್ರ ಓದಿ ತುಂಬ ಖುಷಿಯಾಯಿತು. ನಾನೂ ಮೂರು ವರ್ಷ ನೈರೋಬಿಯಲ್ಲಿ ಇದ್ದವನು. ಹಾಗಾಗಿ ಉತ್ತರ ಸ್ವಲ್ಪ ಉದ್ದವಾಗುತ್ತದೆ.

ಮೊದಲು ಆ ಎರಡು ಗಂಟೆಯ ವಿಷಯ. ಅಲ್ಲಿ ಟಿಕೆಟ್ ಮೇಲಿರುವುದು ಗೇಟು ತೆಗೆಯುವ ಹೊತ್ತು. ದೊಡ್ಡ ಬ್ಯಾಂಡ್ ಬರುವುದು ಕತ್ತಲಾದ ಮೇಲೆ. ಇದರಲ್ಲಿ ಮೋಸವೇನೂ ಇಲ್ಲ. ನಡುವಿನ ಆ ನಾಲ್ಕೈದು ಗಂಟೆ ಇದೆಯಲ್ಲ, ನೈರೋಬಿಯವರು ಅದಕ್ಕೇ ಹೋಗುತ್ತಾರೆ. ಗಾಯಕಿ ಮುಥೋನಿ ಡ್ರಮ್ಮರ್ ಕ್ವೀನ್ 2008ರಲ್ಲಿ ಶುರು ಮಾಡಿದ 'ಬ್ಲಾಂಕೆಟ್ಸ್ ಅಂಡ್ ವೈನ್' ಉತ್ಸವದ ಹೆಸರೇ ಹೇಳುತ್ತದೆ: ಹುಲ್ಲಿನ ಮೇಲೆ ಕಂಬಳಿ ಹಾಸಿ, ಗೆಳೆಯರ ಜೊತೆ ಕೂತು, ಹೊಸ ಹುಡುಗ ಹುಡುಗಿಯರ ಹಾಡು ಕೇಳುವ ದಿನ ಅದು. ಮುಂದಿನ ಸಲ ನೀವು ನಾಲ್ಕು ಗಂಟೆಗೆ ಹೋಗಿ. ಒಂದು ಜಮಖಾನ ಒಯ್ಯಿರಿ. ಮಕ್ಕಳಿಗೆ ಸ್ವೆಟರ್ ಮರೆಯಬೇಡಿ. ಸುಮಾರು 1,700 ಮೀಟರ್ ಎತ್ತರದ ಊರು ಅದು, ಆರೂವರೆಗೆ ಸೂರ್ಯ ಮುಳುಗಿದರೆ ಚಳಿ ಒಮ್ಮೆಲೇ ಇಳಿಯುತ್ತದೆ.

ಇನ್ನು ನೀವು ಬರೆದ ಎರಡನೆಯ ಮಾತು: "ಹಾಡು ಮುಗಿಯುವುದೇ ಇಲ್ಲ." ಇದಕ್ಕೆ ಉತ್ತರ ಸಿಕ್ಕರೆ ನಿಮ್ಮ ಅಂಗಳದ ಸಂಜೆಯ ಅರ್ಧ ಕೆಲಸ ಆದ ಹಾಗೆ.

ನಿಮ್ಮ ಕಿವಿಯಲ್ಲಿ ಉಳಿದದ್ದು ಬೆಂಗಾ ಅಂತ ನೀವು ವಿವರಿಸಿದ ರೀತಿಯಲ್ಲೇ ಗೊತ್ತಾಯಿತು. ವಿಕ್ಟೋರಿಯಾ ಸರೋವರದ ದಡದ ಲುವೋ ಜನರ ಸಂಗೀತ ಅದು. ಅವರ ಹಳೆಯ ವಾದ್ಯ ನ್ಯಾತಿತಿ, ಎಂಟು ತಂತಿಯದು. ಅದನ್ನು ಮೀಟುವ ಬಗೆಯನ್ನೇ ಅಲ್ಲಿಯ ಹುಡುಗರು ಗಿಟಾರಿಗೆ ತಂದರು. ಗಿಟಾರನ್ನು ಬಾರಿಸದೆ ಒಂದೊಂದೇ ತಂತಿ ಹೆಕ್ಕಿ ಹೆಕ್ಕಿ ಮೀಟಿದರು. 1960, 70ರ ದಶಕದಲ್ಲಿ ಇದು ಕೀನ್ಯಾ ಪೂರ್ತಿ ಹರಡಿತು. ಹರಡಿದವರಲ್ಲಿ ದೊಡ್ಡ ಹೆಸರು ಡಿ. ಓ. ಮಿಸಿಯಾನಿ ಮತ್ತು ಅವರ ಶಿರಾತಿ ಜಾಝ್ ತಂಡ. ಹೆಸರಲ್ಲಿ ಜಾಝ್ ಇದ್ದರೂ ನುಡಿಸುತ್ತಿದ್ದದ್ದು ಬೆಂಗಾ. ಮಿಸಿಯಾನಿ 2006ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು.

ಬೆಂಗಾ ಹಾಡಿಗೆ ಎರಡು ಭಾಗ. ಮೊದಲ ಭಾಗದಲ್ಲಿ ಗಾಯಕ ಹಾಡುತ್ತಾನೆ, ಗಿಟಾರ್ ಅವನಿಗೆ ಉತ್ತರ ಕೊಡುತ್ತದೆ. ಆಮೇಲೆ ಹಾಡುಗಾರ ನಿಲ್ಲಿಸಿಬಿಡುತ್ತಾನೆ. ಆಗಲೇ ಗಿಟಾರ್ ಬಿಗಿಯಾಗುವುದು. ಒಂದೇ ಸಣ್ಣ ತುಣುಕನ್ನು ತಿರುಗಿಸಿ ತಿರುಗಿಸಿ, ಪ್ರತಿ ಸುತ್ತಿಗೂ ಚೂರು ಬದಲಿಸುತ್ತ ಹೋಗುತ್ತದೆ. ಬೇಸ್ ಗಿಟಾರ್ ಕೆಳಗಿನಿಂದ ನೂಕುತ್ತದೆ. ಅಲ್ಲಿಯವರೆಗೆ ಕೂತಿದ್ದ ಜನ ಎದ್ದು ನಿಲ್ಲುತ್ತಾರೆ. ಹಳೆಯ 45 ಆರ್‌ಪಿಎಂ ರೆಕಾರ್ಡುಗಳನ್ನು ನೋಡಿ, ಒಂದು ಬದಿಗೆ 'ಭಾಗ 1' ಅಂತ ಇರುತ್ತದೆ, ತಿರುವಿದರೆ ಅದೇ ಹಾಡಿನ 'ಭಾಗ 2'. ಕುಣಿಯುವವರು ಕಾಯುತ್ತಿದ್ದದ್ದು ಎರಡನೇ ಬದಿಗೆ. ನೀವು ಮೂರನೆಯ ಹಾಡಿನ ಮೊದಲ ಬದಿ ಕೇಳಿ ಎದ್ದು ಬಂದಿದ್ದೀರಿ, ಅಷ್ಟೇ.

ಇದು ನನಗೂ ತಡವಾಗಿ ಗೊತ್ತಾದದ್ದು. ಅಲ್ಲಿದ್ದಾಗ ನಮ್ಮ ಭಾರತೀಯರ ಒಂದು ಸಮಾರಂಭಕ್ಕೆ ನಾಲ್ಕು ಜನರ ಬೆಂಗಾ ಮೇಳ ಕರೆಸಿದ್ದೆವು. ಕಾರ್ಯಕ್ರಮದ ಪಟ್ಟಿ ನನ್ನ ಕೈಯಲ್ಲಿತ್ತು. ಭಾಷಣ, ಹಾಡು, ಸನ್ಮಾನ, ಹಾಡು. ಹಾಡುಗಾರ ಮೈಕಿನಿಂದ ಒಂದು ಹೆಜ್ಜೆ ಹಿಂದೆ ಸರಿದರು. ಮುಗಿಯಿತು ಅಂದುಕೊಂಡು ನಾನು ಮೈಕ್ ಹಿಡಿದು ಧನ್ಯವಾದ ಹೇಳಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಸೋಲೋ ಗಿಟಾರಿನವರ ಬೆರಳು ಆಗಲೇ ಮೇಲಿನ ಸ್ವರಗಳಿಗೆ ಜಾರಿತ್ತು. ಆ ಬೆರಳು ತಂತಿಯ ಮೇಲೆ ಹಾಗೇ ನಿಂತದ್ದು ಇವತ್ತಿಗೂ ನನ್ನ ಕಣ್ಣ ಮುಂದಿದೆ. ಅವರು ಏನೂ ಅನ್ನಲಿಲ್ಲ. ಊಟದ ಹೊತ್ತಲ್ಲಿ ಬೇಸ್ ನುಡಿಸುವವರು ನನ್ನ ಪಕ್ಕ ಕೂತು, ಹಾಡು ಎಲ್ಲಿ ಶುರುವಾಗುತ್ತದೆ ಅನ್ನುವುದನ್ನು ಮೇಜು ತಟ್ಟಿ ತೋರಿಸಿದರು. ಅತಿಥಿಗಳಾಗಿ ಬಂದವರಿಗೆ ಹಾಗೆ ಮಾಡಿದೆನಲ್ಲ ಅಂತ ತುಂಬ ಬೇಜಾರಾಯಿತು.

ಅದಕ್ಕೇ ಹೇಳುವುದು, ನಿಮ್ಮ ಸಂಜೆಗೆ ಪಟ್ಟಿ ಮಾಡಬೇಡಿ. ಎಷ್ಟು ಹಾಡು ಅಂತ ಕೇಳಬೇಡಿ, ಎಷ್ಟು ಹೊತ್ತು ಅಂತ ಮಾತಾಡಿಕೊಳ್ಳಿ. ಭಾಷಣ ಇದ್ದರೆ ಮೊದಲೇ ಮುಗಿಸಿ. ಮೇಳ ಶುರುವಾದ ಮೇಲೆ ಮೈಕ್ ಅವರದು.

ಶುರುವಿಗೆ ಒಬ್ಬ ನ್ಯಾತಿತಿ ವಾದಕರನ್ನು ಕರೆಸಿ ಅಂತ ನನ್ನ ಆಸೆ. ಬೆಂಗಾದ ಬೇರು ಅಲ್ಲಿದೆ, ಮಕ್ಕಳಿಗೂ ಕಣ್ಣಾರೆ ಕಾಣುತ್ತದೆ. ಅವರು ಗಿಡ್ಡ ಮಣೆಯ ಮೇಲೆ ಕೂರುತ್ತಾರೆ. ಬಲಗಾಲಿನ ಹೆಬ್ಬೆರಳಿಗೆ ಕಬ್ಬಿಣದ ಉಂಗುರ, ಕಾಲಿಗೆ ಗೆಜ್ಜೆ. ಕೈ ತಂತಿ ಮೀಟುತ್ತಿದ್ದರೆ ಉಂಗುರ ವಾದ್ಯದ ಕಟ್ಟಿಗೆಗೆ ಟಕ್ ಟಕ್ ಅಂತ ಬಡಿಯುತ್ತದೆ. ಹಾಡು, ತಂತಿ, ತಾಳ ಎಲ್ಲ ಒಬ್ಬರೇ. ಬಹಳ ಕಡೆ ಏನು ಮಾಡುತ್ತಾರೆ ಗೊತ್ತಾ? ಬಾಯಿಗೆ ಒಂದು ಮೈಕ್ ಇಟ್ಟು ಸುಮ್ಮನಾಗುತ್ತಾರೆ. ಕಾಲಿನ ತಾಳ ಯಾರಿಗೂ ಕೇಳುವುದಿಲ್ಲ. ಕೆಳಗೆ, ಕಾಲಿನ ಹತ್ತಿರ ಇನ್ನೊಂದು ಮೈಕ್ ಇರಲಿ. ಇಲ್ಲವಾದರೆ ಮೈಕೇ ಬೇಡ, ನಲವತ್ತು ಜನ ಸುತ್ತ ಹತ್ತಿರ ಕೂತರೆ ಸಾಕು. ಅದೇ ಚೆಂದ.

ಒಂದು ಸಂಗತಿ ಮೊದಲೇ ತಿಳಿದಿರಲಿ. ಲುವೋ ಸಂಗೀತದಲ್ಲಿ ಪಾಕ್ರುವೋಕ್ ಅಂತ ಒಂದು ಪದ್ಧತಿ ಇದೆ. ಕೇಳುತ್ತ ಕೂತವರು ಯಾರೋ ದುಡ್ಡು ಕೊಟ್ಟು ಹಾಡು ನಿಲ್ಲಿಸುತ್ತಾರೆ. ಎದ್ದು ನಿಂತು ತಮ್ಮನ್ನು, ಗೆಳೆಯರನ್ನು, ಊರನ್ನು ಅಲಂಕಾರದ ಮಾತಲ್ಲಿ ಹೊಗಳುತ್ತಾರೆ. ಮತ್ತೆ ಹಾಡು ಮುಂದುವರಿಯುತ್ತದೆ. ನಮ್ಮ ಉತ್ತರ ಕರ್ನಾಟಕದ ಬಯಲಾಟದಲ್ಲಿ ಆಯೇರಿ ಕೂಗುವುದನ್ನು ನೋಡಿದವರಿಗೆ ಇದು ಹೊಸದು ಅನ್ನಿಸುವುದಿಲ್ಲ. ನಿಮ್ಮ ಯಜಮಾನರ ಆಫೀಸಿನ ಲುವೋ ಗೆಳೆಯರು ಯಾರಾದರೂ ಹಾಗೆ ಎದ್ದರೆ ಗಾಬರಿಯಾಗಬೇಡಿ, ತಡೆಯಲೂ ಬೇಡಿ. ನಿಮ್ಮ ಸಂಜೆ ಕಳೆಗಟ್ಟಿದೆ ಅಂತ ಅರ್ಥ. ನೀವೂ ನೂರು ಶಿಲಿಂಗ್ ಇಟ್ಟು ನಿಮ್ಮ ಊರಿನ ಬಗ್ಗೆ ಎರಡು ಮಾತು ಹೇಳಿ. ಕನ್ನಡದಲ್ಲೇ ಹೇಳಿ, ಪಕ್ಕದವರು ಸ್ವಾಹಿಲಿಗೆ ತಿರುಗಿಸಲಿ.

ಗಿಕೂಯು ಜನಾಂಗದ ಗೆಳೆಯರು ಜಾಸ್ತಿ ಇದ್ದರೆ ಮುಗಿಥಿ ಕೇಳುತ್ತಾರೆ. ಅವರ ಮಾತಲ್ಲಿ ಮುಗಿಥಿ ಅಂದರೆ ರೈಲು. ಒಬ್ಬರೇ ಗಿಟಾರ್ ಹಿಡಿದು ಒಂದಕ್ಕೊಂದು ಪೋಣಿಸಿದ ಹಾಗೆ ಹಾಡುತ್ತ ಹೋಗುತ್ತಾರೆ. ಜನ ಮುಂದಿನವರ ಸೊಂಟ ಹಿಡಿದು ರೈಲಿನ ಹಾಗೆ ಸಾಲಾಗಿ ಸುತ್ತುತ್ತಾರೆ. ಮಕ್ಕಳಿಗೆ ಇದಕ್ಕಿಂತ ಸುಲಭದ ಕುಣಿತ ಇಲ್ಲ.

ಈಗ ವ್ಯವಸ್ಥೆಯ ಮಾತು. ಹಗಲಿಟ್ಟುಕೊಳ್ಳಿ, ಮೂರಕ್ಕೆ ಶುರು ಮಾಡಿ ಎಂಟಕ್ಕೆ ನಿಲ್ಲಿಸಿ. ಕೀನ್ಯಾದಲ್ಲಿ ಗದ್ದಲದ ಮೇಲೆ 2009ರಿಂದ ಪ್ರತ್ಯೇಕ ನಿಯಮಗಳೇ ಇವೆ. 2022ರಲ್ಲಿ ನೈರೋಬಿಯ ಗವರ್ನರ್ ಜಾನ್ಸನ್ ಸಕಾಜಾ ಮನೆಗಳಿರುವ ಬಡಾವಣೆಗಳ ನೈಟ್‌ಕ್ಲಬ್ಬುಗಳ ಲೈಸೆನ್ಸನ್ನೇ ರದ್ದು ಮಾಡಿದ್ದರು. ಆದ್ದರಿಂದ ಕೇರ್‌ಟೇಕರ್ ಒಪ್ಪಿಗೆ ಬರಹದಲ್ಲಿ ಇರಲಿ. ಗೇಟಿನ ಅಸ್ಕರಿಗೆ, ಅಂದರೆ ಕಾವಲುಗಾರನಿಗೆ, ಅತಿಥಿಗಳ ಹೆಸರು ಕೊಟ್ಟಿರಿ. ಮೇಲಿನ ಕೆಳಗಿನ ಮನೆಯವರನ್ನು ಬಾಗಿಲಿಗೆ ಹೋಗಿ ಕರೆಯಿರಿ, ವಾಟ್ಸ್ಆ್ಯಪ್ ಸಾಲದು. ಟಿಕೆಟ್ ಇಡಬೇಡಿ. ಟಿಕೆಟ್ ಇಟ್ಟರೆ ಕೌಂಟಿ ಸರ್ಕಾರದ ಅನುಮತಿ, ಹಾಡಿನ ಹಕ್ಕಿನ ಲೈಸೆನ್ಸು ಅಂತ ಓಡಾಟ ಶುರುವಾಗುತ್ತದೆ. ಮಾರ್ಚಿನಿಂದ ಮೇವರೆಗೆ ದೊಡ್ಡ ಮಳೆ, ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಸಣ್ಣ ಮಳೆ. ಜನವರಿ, ಫೆಬ್ರವರಿ ಒಳ್ಳೆಯದು.

ದುಡ್ಡಿನ ವಿಷಯದಲ್ಲಿ ಮಾತ್ರ ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ. "ಒಳ್ಳೆಯ ಜನ ಬರುತ್ತಾರೆ, ನಿಮಗೆ ಹೆಸರು ಬರುತ್ತದೆ" ಅಂತ ಹೇಳಿ ಕಲಾವಿದರನ್ನು ಕಡಿಮೆಗೆ ಒಪ್ಪಿಸುವವರನ್ನು ನಾನು ಅಲ್ಲೂ ನೋಡಿದ್ದೇನೆ, ಇಲ್ಲೂ ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಅವರು ಹೇಳಿದ್ದು ನಿಮ್ಮ ಕೈಗೆ ಜಾಸ್ತಿಯಾದರೆ ಸಣ್ಣ ಮೇಳ ಕೇಳಿ, ಅದೇ ಮೇಳದ ದುಡ್ಡು ಕತ್ತರಿಸಬೇಡಿ. ಅರ್ಧ ಮುಂಗಡವಾಗಿ ಎಂ-ಪೆಸಾದಲ್ಲಿ, ಅಂದರೆ ಮೊಬೈಲಿನಲ್ಲೇ, ಕಳಿಸಿ. ಉಳಿದದ್ದು ಅವರು ವಾದ್ಯ ಶ್ರುತಿ ಮಾಡುವ ಮೊದಲೇ ಕೊಟ್ಟುಬಿಡಿ. ಸಂಜೆಯೆಲ್ಲ "ದುಡ್ಡು ಸಿಗುತ್ತದಾ" ಅನ್ನುವ ಯೋಚನೆ ತಲೆಯಲ್ಲಿದ್ದರೆ ಬೆರಳು ಹೇಗೆ ಆಡುತ್ತದೆ, ಹೇಳಿ? ರಾತ್ರಿ ಆಂಪ್ಲಿಫೈಯರ್ ಹೊತ್ತು ಮಟಾಟು ಮಿನಿಬಸ್ಸು ಹಿಡಿಯುವುದು ಕಷ್ಟ. ವಾಪಸು ಹೋಗಲು ಗಾಡಿ ನೀವೇ ಮಾಡಿಕೊಡಿ.

ಊಟಕ್ಕೆ ನಿಮ್ಮ ಬಡಾವಣೆಯಲ್ಲೇ ಒಳ್ಳೆಯ ದಾರಿ ಇದೆ, ಕೊರೋಗ. ಸ್ವಾಹಿಲಿಯಲ್ಲಿ ಕಲಕುವುದು ಅಂತ ಅರ್ಥ. ಕೀನ್ಯಾದ ಭಾರತೀಯರು ಬೆಳೆಸಿದ ಪದ್ಧತಿ. ಬಯಲಲ್ಲಿ ಇದ್ದಿಲಿನ ಜೀಕೋ ಒಲೆ ಹಚ್ಚಿ, ದೊಡ್ಡ ಬಾಣಲೆ ಇಟ್ಟು, ಬಂದವರೇ ಸೌಟು ಹಿಡಿದು ಅಡುಗೆ ಮಾಡುತ್ತಾರೆ. ಇದೇ ಹೆಸರಿನ ದೊಡ್ಡ ಸಂಗೀತೋತ್ಸವವೂ ನೈರೋಬಿಯಲ್ಲಿ ನಡೆದಿದೆ. ನಿಮ್ಮಲ್ಲಿ ಮಾಂಸ ಬೇಡವಾದರೆ ಬೀನ್ಸ್ ಸಾರು, ಚಪಾತಿ ಸಾಕು. ಚಪಾತಿ ಈಗ ಕೀನ್ಯಾದವರ ಮನೆಯ ಹಬ್ಬದೂಟವೇ ಆಗಿದೆ. ಮೇಳದವರಿಗೆ ಮೊದಲು ಬಡಿಸಿ, ನಿಮ್ಮ ಜೊತೆಯಲ್ಲೇ ಕೂರಿಸಿ ಬಡಿಸಿ.

ಇನ್ನು ಹೊರಗಿನವರು ಅನ್ನುವ ನಿಮ್ಮ ಅಳುಕು. ಬೆಂಗಾದ ಆ ಎರಡು ಬದಿಯ ರೆಕಾರ್ಡು ಹೇಳಿದೆನಲ್ಲ, ಅಂಥವನ್ನು ಹೊರತಂದವರಲ್ಲಿ ಭಾರತ ಮೂಲದ ಅಂಗಡಿಯವರೂ ಇದ್ದರು. ಕೆರಿಚೊ ಊರಿನ ಚಂದರಾಣಾ, ನೈರೋಬಿಯ ಮೆಲೋಡಿಕಾ ಅಂಗಡಿಯ ದಾವುದಿಯಾ, ಹೀಗೆ. ಕರಾವಳಿಯ ಮೊಂಬಾಸಾದಲ್ಲಿ ತಾರಾಬ್ ಅನ್ನುವ ಸ್ವಾಹಿಲಿ ಸಂಗೀತದ ರೆಕಾರ್ಡುಗಳನ್ನು ಅಸ್ಸಾನಂದ್ ಅಂಗಡಿಯವರು ತಂದರು. ಅದೇ ಮೊಂಬಾಸಾದಲ್ಲಿ ಜುಮಾ ಭಾಲೋ ಹಿಂದಿ ಸಿನಿಮಾ ಧಾಟಿಗೆ ಸ್ವಾಹಿಲಿ ಪದ ಕಟ್ಟಿ ಹಾಡಿ ಕರಾವಳಿಯ ಮದುವೆ ಮನೆಗಳನ್ನೆಲ್ಲ ಗೆದ್ದರು. ಅವರು ತೀರಿಕೊಂಡದ್ದು 2014ರಲ್ಲಿ. ಇನ್ನೂ ಒಬ್ಬರಿದ್ದಾರೆ. ನ್ಯಾತಿತಿ ಹಿಂದಿನಿಂದಲೂ ಗಂಡಸರ ವಾದ್ಯ. ಜಪಾನಿನ ಎರಿಕೊ ಮುಕೊಯಾಮಾ ಲುವೋ ಹಳ್ಳಿಯಲ್ಲಿ ಗುರುಗಳ ಹತ್ತಿರ ಉಳಿದು ಅದನ್ನು ಕಲಿತರು. ಈಗ ಅನ್ಯಾಂಗೊ ಅನ್ನುವ ಲುವೋ ಹೆಸರಿನಲ್ಲೇ ನುಡಿಸುತ್ತಾರೆ. ನೀವು ಅಂಗಳ ಗುಡಿಸಿ ಜಮಖಾನ ಹಾಸಿ ಕರೆಯುತ್ತೀರಿ ಅಂದರೆ ಯಾರು ಬೇಡ ಅನ್ನುತ್ತಾರೆ?

ಕೊನೆಗೆ ಒಂದು ಕೆಲಸ. ಕರೆಸುವ ಮೇಳ ಬೇರೆ ಕಡೆ ನುಡಿಸುವುದನ್ನು ಮೊದಲು ಹೋಗಿ ಕೇಳಿ ಬನ್ನಿ. ಈ ಸಲ ಹಾಡುಗಾರ ಮೈಕಿನಿಂದ ಹಿಂದೆ ಸರಿದಾಗ ಕುರ್ಚಿಯಿಂದ ಏಳಿ, ಗೇಟಿನ ಕಡೆಗಲ್ಲ, ಗಿಟಾರಿನ ಕಡೆಗೆ. ಮಕ್ಕಳನ್ನೂ ಕರೆದುಕೊಳ್ಳಿ. ನಿಮ್ಮ ಅಂಗಳದ ಸಂಜೆ ಹೇಗಾಯಿತು ಅಂತ ನಮಗೆ ಬರೆಯಿರಿ. ಯಾರು ಎದ್ದು ನಿಂತು ಯಾರನ್ನು ಹೊಗಳಿದರು ಅನ್ನುವುದೂ ಅದರಲ್ಲಿರಲಿ.

– ಸಂಪಾದಕ